ಒಂದು ಪೆನ್ಸಿಲ್ಲಿನ ದಪ್ಪ

ಅಳತೆ ಕೋಲಿನ ಮೇಲೆ ಕೆಂಪು ಗೆರೆ. ಅದರ ಕೆಳಗೆ ನನ್ನ ಮಗಳ ನೆತ್ತಿ. ಎರಡರ ನಡುವೆ ಒಂದು ಪೆನ್ಸಿಲ್ಲನ್ನು ಅಡ್ಡವಾಗಿ ತೂರಿಸಬಹುದಾದಷ್ಟು ಜಾಗ. ರೋಲರ್ ಕೋಸ್ಟರಿನ ಬಾಗಿಲಲ್ಲಿ ನಿಂತಿದ್ದ ಹುಡುಗ ಎರಡು ಸಲ ಅಳೆದ. ಹಿಮ್ಮಡಿಯನ್ನು ಕೋಲಿಗೆ ತಾಗಿಸಿ ನಿಲ್ಲಿಸಿದ, ಕೂದಲನ್ನು ಅಂಗೈಯಿಂದ ಮೆಲ್ಲಗೆ ಅದುಮಿದ, ಬಗ್ಗಿ ನೋಡಿದ, ತಲೆ ಅಲ್ಲಾಡಿಸಿದ. ಬೇಕಾಗಿದ್ದುದು 120 ಸೆಂಟಿಮೀಟರ್. ಅವಳು 119 ಮತ್ತು ಸ್ವಲ್ಪ ಚಿಲ್ಲರೆ.

"ಬೆಳಿಗ್ಗೆ ಸರಿಯಾಗಿ 120 ಇದ್ದೆ ಅಮ್ಮಾ" ಎಂದಳು.

ಅವಳು ಹೇಳಿದ್ದು ನಿಜ. ಅಂದು ಹಾಸಿಗೆಯಿಂದ ಎದ್ದವಳೇ ಹಲ್ಲುಜ್ಜುವುದಕ್ಕೂ ಮೊದಲು ಕೋಣೆಯ ಬಾಗಿಲ ಚೌಕಟ್ಟಿಗೆ ಬೆನ್ನು ಹಚ್ಚಿ ನಿಂತಿದ್ದಳು. ಟೇಪು ಹಿಡಿದು ಗೆರೆ ಎಳೆದವಳು ನಾನೇ. ಆ ಚೌಕಟ್ಟಿನ ತುಂಬ ಪೆನ್ಸಿಲ್ ಗೆರೆಗಳಿವೆ. ಹಿಂದಿನ ವರ್ಷ ಇದೇ ಥೀಮ್ ಪಾರ್ಕಿನಲ್ಲಿ ಅಣ್ಣ ರೋಲರ್ ಕೋಸ್ಟರ್ ಹತ್ತಿ ಇಳಿದದ್ದನ್ನು ಕೆಳಗೆ ನಿಂತು ನೋಡಿದ ದಿನದಿಂದ ಅವಳು ತಿಂಗಳಿಗೊಮ್ಮೆ ಅಳೆಸಿಕೊಂಡು, ಈ ಒಂದು ಗೆರೆ ಮುಟ್ಟುವುದಕ್ಕಾಗಿಯೇ ಬೆಳೆದವಳ ಹಾಗಿದ್ದಳು. ಎಂಟು ವರ್ಷದ ಮಗುವಿಗೆ ಒಂದು ವರ್ಷವೆಂದರೆ ಎಷ್ಟು ದೊಡ್ಡ ಕಾಯುವಿಕೆ ಎಂಬುದು ದೊಡ್ಡವರಾದ ಮೇಲೆ ನಮಗೆ ಮರೆತುಹೋಗಿರುತ್ತದೆ.

ಅವಳ ಕೆಳತುಟಿ ನಡುಗುವುದನ್ನು ಕಂಡು ನನ್ನ ತಾಳ್ಮೆ ತಪ್ಪಿತು. ಒಂದು ಸೆಂಟಿಮೀಟರಿಗೆ ಏನಾಗಿಬಿಡುತ್ತದೆ, ನಾನು ಪಕ್ಕದಲ್ಲೇ ಕುಳಿತು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ ಎಂದು ವಾದಿಸಿದೆ. ಹಿಂದಿನ ಸಾಲು ಬೆಳೆಯುತ್ತಿತ್ತು. ಆ ಹುಡುಗನಿಗೆ ಹೆಚ್ಚೆಂದರೆ ಇಪ್ಪತ್ತೆರಡು ವಯಸ್ಸಿರಬೇಕು. ದನಿ ಏರಿಸದೆ ಹೇಳಿದ: "ಅಲ್ಲಿ ಇವಳನ್ನು ಹಿಡಿದುಕೊಳ್ಳುವುದು ನಿಮ್ಮ ಕೈಯಲ್ಲ ಮೇಡಂ, ಆ ಸರಳು. ಅದು ಇವಳಿಗೆ ಸರಿಯಾಗಿ ಕೂರುವುದಿಲ್ಲ."

ಅಪ್ಪ ನನ್ನ ಭುಜ ಮುಟ್ಟಿದರು. "ಸಾಕು ಬಿಡಮ್ಮ. ಅವನು ಸರಿಯಾಗಿಯೇ ಹೇಳುತ್ತಿದ್ದಾನೆ."

ಅಪ್ಪ ಕಾರ್ಖಾನೆಯೊಂದರ ಯಂತ್ರ ದುರಸ್ತಿ ವಿಭಾಗದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದವರು. ಎರಡು ವರ್ಷದ ಹಿಂದೆ ಅವರ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದಾರೆ. ಹೃದಯದ ತೊಂದರೆ, ಬೆನ್ನಿನ ತೊಂದರೆ ಇರುವವರು, ಗರ್ಭಿಣಿಯರು ಹತ್ತಬಾರದು ಎಂಬ ಫಲಕ ಆ ಕೋಲಿನ ಪಕ್ಕದಲ್ಲೇ ಇತ್ತು. ಅವರು ಮೊಮ್ಮಗಳ ಕೈ ಹಿಡಿದು, "ನಿನ್ನನ್ನೂ ಬಿಡಲಿಲ್ಲ, ನನ್ನನ್ನೂ ಬಿಡುವುದಿಲ್ಲ. ಬಾ ಪುಟ್ಟಿ, ಇದರ ಹೊಟ್ಟೆಯೊಳಗೆ ಏನಿದೆ ನೋಡೋಣ" ಎಂದರು. ನನ್ನ ಗಂಡ ಮತ್ತು ಮಗ ಸಾಲಿನಲ್ಲಿ ಮುಂದೆ ಹೋದರು. ನಾನು ಚೀಲಗಳನ್ನು ಹೊತ್ತು ಇವರಿಬ್ಬರ ಹಿಂದೆ ನಡೆದೆ.

ಕೋಸ್ಟರಿನ ರೈಲು ಮೇಲೇರುವ ಮೊದಲ ದಿಬ್ಬದ ಬುಡದಲ್ಲಿ ಒಂದು ಬೆಂಚು ಖಾಲಿ ಇತ್ತು. ಕುಳಿತ ಮೇಲೆ ಅವಳು ನಿಜವಾಗಿ ಅತ್ತಳು. ಅಪ್ಪ ಸುಮ್ಮನಿದ್ದರು. ಅಳು ಮುಗಿಯುತ್ತಾ ಬಂದಾಗ ಬೆನ್ನುಮೂಳೆಯ ವಿಚಾರ ತೆಗೆದರು. ಬೆನ್ನಿನ ಮೂಳೆಗಳ ನಡುವೆ ಮೆತ್ತೆಗಳಂಥ ಬಿಲ್ಲೆಗಳಿವೆ, ರಾತ್ರಿ ಮಲಗಿದಾಗ ಅವು ನೀರು ಹೀರಿ ಉಬ್ಬುತ್ತವೆ, ಎದ್ದು ಓಡಾಡತೊಡಗಿದ ಮೇಲೆ ಮೈಭಾರಕ್ಕೆ ಚಪ್ಪಟೆಯಾಗುತ್ತವೆ ಎಂದರು. ಮನುಷ್ಯ ಬೆಳಿಗ್ಗೆ ಎದ್ದಾಗ ಇರುವುದಕ್ಕಿಂತ ಸಂಜೆಗೆ ಸುಮಾರು ಒಂದು ಸೆಂಟಿಮೀಟರ್ ಕುಳ್ಳಾಗಿರುತ್ತಾನೆ, ಅದರಲ್ಲೂ ಹೆಚ್ಚಿನ ಪಾಲು ಎದ್ದ ಮೊದಲ ಕೆಲವು ಗಂಟೆಗಳಲ್ಲೇ ಇಳಿದುಹೋಗುತ್ತದೆ.

"ಹಾಗಾದರೆ ಬೆಳಿಗ್ಗೆ ನಾನು 120 ಇದ್ದದ್ದು ನಿಜ ತಾನೇ?"

"ನಿಜ. ಈಗ ಇಲ್ಲದಿರುವುದೂ ನಿಜ."

ಅವಳಿಗೆ ಅಷ್ಟು ಸಾಕಾಯಿತು. ಯಾರೂ ಮೋಸ ಮಾಡಿಲ್ಲ ಎಂದು ತಿಳಿದದ್ದೇ ಅವಳ ಮುಖ ತಿಳಿಯಾಯಿತು. ನನ್ನ ಮನಸ್ಸು ಅಷ್ಟು ಬೇಗ ತಿಳಿಯಾಗಲಿಲ್ಲ. ಹುಡುಗನ ಮಾತು ಒಳಗೆ ಕೊರೆಯುತ್ತಿತ್ತು. ಅಷ್ಟು ಹೊತ್ತೂ ನಾನು ಆ ಗೆರೆಯನ್ನು ಮಕ್ಕಳ ಧೈರ್ಯ ಅಳೆಯುವ ಗೆರೆ ಎಂದೇ ತಿಳಿದಿದ್ದೆ. ಅದು ಅಳೆಯುವುದು ಮೈಯನ್ನು. ಸುರಕ್ಷತಾ ಸರಳು ತೊಡೆಯ ಮೇಲೆ, ಸೊಂಟದ ಹತ್ತಿರ ಒತ್ತಿ ಕೂರಬೇಕು. ಮೈ ಚಿಕ್ಕದಾದರೆ ಸರಳಿಗೂ ಮೈಗೂ ನಡುವೆ ಸಂದು ಉಳಿಯುತ್ತದೆ. ರೈಲು ದಿಬ್ಬದ ನೆತ್ತಿಯನ್ನು ದಾಟುವಾಗ ಸೀಟು ಕೆಳಗೆ ಜಾರುತ್ತದೆ, ಮೈ ಮಾತ್ರ ಮೇಲಕ್ಕೇ ಹೋಗುತ್ತಿರುತ್ತದೆ. ಅದೇ ಸಂದಿನೊಳಗಿಂದ ಮಗು ಎದ್ದುಬರಬಹುದು. ಇಳಿಜಾರಿನ ಬುಡದಲ್ಲಿ ತಿರುಗಿ ಏರುವಾಗ ಮೈ ತನ್ನ ಮೂರು ಪಟ್ಟು ತೂಗುವುದುಂಟು. 22 ಕೆ.ಜಿ.ಯ ನನ್ನ ಮಗಳು ಆ ಕ್ಷಣ 66 ಕೆ.ಜಿ. ನನ್ನ ತೋಳೂ ಮೂರು ಪಟ್ಟು ಭಾರ. ಯಾವ ಕೈಯಿಂದ ಹಿಡಿದುಕೊಳ್ಳುತ್ತಿದ್ದೆ?

ಅದೇ ದಿನ ಮಧ್ಯಾಹ್ನ ಇನ್ನೊಂದು ರೈಡಿನ ಸಾಲಿನಲ್ಲಿ ಒಬ್ಬ ತಂದೆ ಮಗನ ಶೂ ಒಳಗೆ ಮಡಚಿದ ಕರವಸ್ತ್ರ ತುರುಕುತ್ತಿದ್ದುದನ್ನು ಕಂಡೆ. ಬೆಳಿಗ್ಗೆಯಾಗಿದ್ದರೆ ನಕ್ಕು ಮುಂದೆ ಹೋಗುತ್ತಿದ್ದೆನೇನೋ. ಆಗ ಮೈ ಜುಮ್ಮೆಂದಿತು. ಹತ್ತಿರ ಹೋಗಿ, ನನ್ನ ಮಗಳಿಗೂ ಬೆಳಿಗ್ಗೆ ಹೀಗೇ ಆಯಿತು ಎಂದು ಶುರುಮಾಡಿ, ಸರಳಿನ ವಿಷಯ ಹೇಳಿದೆ. ಅವರು ಮುಖ ಸಿಂಡರಿಸಿದರು. ಆದರೂ ಕರವಸ್ತ್ರ ಹೊರಗೆ ಬಂತು.

ಬೆಂಚಿಗೆ ಮರಳುತ್ತೇನೆ. ನಮ್ಮ ತಲೆಯ ಮೇಲೆ ರೈಲು ಏರುತ್ತಿತ್ತು. ಟಕ್, ಟಕ್, ಟಕ್, ಟಕ್. ಯಾವುದೋ ತುಂಡಾಗುತ್ತಿರುವ ಹಾಗೆ ಕೇಳಿಸುವ ಆ ಸದ್ದಿಗೆ ನನಗೆ ಯಾವಾಗಲೂ ಹೊಟ್ಟೆ ಕಿವುಚುತ್ತದೆ. ಅಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದರು. ಮನೆಯ ಹೊಲಿಗೆ ಯಂತ್ರದ ಸದ್ದನ್ನೂ ಅವರು ಹೀಗೆಯೇ ಕೇಳುವುದು. ಆಮೇಲೆ ಎಡಗೈಯ ಬೆರಳುಗಳನ್ನು ಅಗಲಿಸಿ ಗರಗಸದ ಹಲ್ಲಿನಂತೆ ಹಿಡಿದರು. ಬಲಗೈಯ ತೋರುಬೆರಳನ್ನು ಅವುಗಳ ಮೇಲೆ ಒಂದೊಂದಾಗಿ ಹತ್ತಿಸಿದರು. ಒಂದು ಹಲ್ಲು ದಾಟಿದೊಡನೆ ತೋರುಬೆರಳು ಟಕ್ಕನೆ ಸಂದಿಗೆ ಬೀಳುತ್ತಿತ್ತು. "ಈಗ ಹಿಂದಕ್ಕೆ ಎಳೆ" ಎಂದರು. ಅವಳು ಎಳೆದಳು. ಬೆರಳು ಹಲ್ಲಿಗೆ ಸಿಕ್ಕಿಕೊಂಡು ನಿಂತಿತು. ಇನ್ನೂ ಜೋರಾಗಿ ಎಳೆದಳು. ಬರಲಿಲ್ಲ.

"ರೈಲನ್ನು ಮೇಲಕ್ಕೆ ಎಳೆಯುವುದು ಸರಪಳಿ. ಆ ಸರಪಳಿಯೇ ಕಡಿದುಹೋದರೂ ರೈಲು ಹಿಂದಕ್ಕೆ ಜಾರಬಾರದು. ಅದಕ್ಕೆ ಈ ಕೊಂಡಿ. ಟಕ್ ಎಂದಾಗಲೆಲ್ಲ ಒಂದು ಹಲ್ಲಿನಷ್ಟು ದೂರ ಕ್ಷೇಮ ಎಂದು ಅರ್ಥ."

ಅವಳು ತಲೆಯೆತ್ತಿ ಕೇಳತೊಡಗಿದಳು. ಮುಂದಿನ ರೈಲಿನ ಟಕ್‌ಗಳನ್ನು ಎಣಿಸಿದಳು. ನೆತ್ತಿ ತಲುಪಿದಾಗ ಸದ್ದು ನಿಲ್ಲುತ್ತದೆ, ಕಣ್ಣು ಮಿಟುಕಿಸುವಷ್ಟು ಹೊತ್ತು ಏನೂ ಕೇಳಿಸುವುದಿಲ್ಲ, ಆಮೇಲೆ ಕೂಗು. ಅಲ್ಲಿಂದ ಮುಂದೆ ಯಾವ ಎಂಜಿನ್ನೂ ಇಲ್ಲ, ಏರಿದ ಎತ್ತರವೇ ವೇಗವಾಗಿ ಕರಗುತ್ತದೆ, ಅದಕ್ಕೇ ಈ ಬಗೆಯ ಕೋಸ್ಟರಿನಲ್ಲಿ ಮೊದಲ ದಿಬ್ಬ ಎಲ್ಲಕ್ಕಿಂತ ಎತ್ತರ ಎಂದು ಅಪ್ಪ ಹೇಳಿದಾಗ ಅವಳು ಹಳಿಯ ಉದ್ದಕ್ಕೂ ಕಣ್ಣಾಡಿಸಿ ದಿಬ್ಬಗಳನ್ನು ಹೋಲಿಸಿ ನೋಡಿ ಒಪ್ಪಿದಳು.

1884ರಲ್ಲಿ ಅಮೆರಿಕದ ಕೋನಿ ಐಲೆಂಡ್‌ನಲ್ಲಿ ಲಾಮಾರ್ಕಸ್ ಥಾಂಪ್ಸನ್ ಎಂಬಾತ ಕಟ್ಟಿದ ಆ ಕಾಲದ ರೋಲರ್ ಕೋಸ್ಟರಿನ ಗಾಡಿಗೆ ಎಳೆಯುವ ಸರಪಳಿ ಇರಲಿಲ್ಲ. ಒಂದು ತುದಿ ಮುಟ್ಟಿದಾಗ ಜನ ಇಳಿಯುತ್ತಿದ್ದರು, ಕೆಲಸಗಾರರು ಗಾಡಿಯನ್ನು ಇನ್ನೊಂದು ಎತ್ತರಕ್ಕೆ ದೂಡುತ್ತಿದ್ದರು. ವೇಗ ಗಂಟೆಗೆ ಹತ್ತು ಕಿಲೋಮೀಟರಿನಷ್ಟು. ಇದನ್ನು ಎಲ್ಲೋ ಓದಿದ್ದ ನಾನು ಹೇಳಿದೆ. "ಹತ್ತಾ? ನಾನೇ ಅಷ್ಟು ಓಡುತ್ತೇನೆ" ಎಂದಳು. ಹಳಿಯ ಮೇಲೆ ಉರುಳುವ ಚಕ್ರದ ಜೊತೆಗೆ ಹಳಿಯ ಅಡಿಗೂ ಚಕ್ರ ಕೊಟ್ಟು, ರೈಲು ಹಳಿ ಬಿಟ್ಟು ಏಳದಂತೆ ಮಾಡಿದವನು ಕೋಸ್ಟರ್ ವಿನ್ಯಾಸಗಾರ ಜಾನ್ ಮಿಲ್ಲರ್. ಅದಕ್ಕೆ ಅವನು 1919ರಲ್ಲಿ ಪೇಟೆಂಟ್ ಪಡೆದ. ಎದುರಿನ ತಿರುವಿನಲ್ಲಿ ರೈಲು ಓರೆಯಾಗಿ ಹಾದಾಗ ಆ ಅಡಿಚಕ್ರಗಳು ಅವಳ ಕಣ್ಣಿಗೆ ಬಿದ್ದವು. ಬೆಂಚಿನ ಮೇಲೆ ಎದ್ದು ನಿಂತು ಕೂಗಿದಳು. ಚಕ್ರಗಳು ಹಳಿಯನ್ನು ಮೂರು ಕಡೆಯಿಂದ, ಮೇಲೆ, ಪಕ್ಕದಲ್ಲಿ, ಅಡಿಯಲ್ಲಿ, ಮುಷ್ಟಿಯಂತೆ ಹಿಡಿದಿದ್ದವು.

ತಲೆಕೆಳಗಾಗುವ ಸುತ್ತನ್ನು ಅವಳು ಗಾಳಿಯಲ್ಲಿ ಬೆರಳಿನಿಂದ ಬರೆದಳು. ನಿಲ್ಲಿಸಿದಳು. ಮತ್ತೆ ಬರೆದಳು. "ಅಜ್ಜ, ಇದು ಗುಂಡಗಿಲ್ಲ. ನೀರಿನ ಹನಿಯ ಹಾಗಿದೆ."

ಅಪ್ಪನ ಮುಖದಲ್ಲಿ ಅಂಥ ಸಂತೋಷವನ್ನು ನಾನು ನೋಡಿ ಬಹಳ ದಿನವಾಗಿತ್ತು. ಯಾರೂ ಹೇಳದೆ ಅವಳೇ ಕಂಡುಕೊಂಡಿದ್ದಳು. 1895ರಲ್ಲಿ ಕೋನಿ ಐಲೆಂಡ್‌ನಲ್ಲೇ ನಿಂತಿದ್ದ ಸುತ್ತು ಬಳೆಯಂತೆ ದುಂಡಗಿತ್ತು. ಗಾಡಿ ಅತಿ ವೇಗದಲ್ಲಿರುವ ಬುಡದಲ್ಲೇ ಒಮ್ಮೆಲೇ ತಿರುವು, ಕುಳಿತವರ ಕುತ್ತಿಗೆಗೆ ಪೆಟ್ಟು. 1976ರಲ್ಲಿ ಕ್ಯಾಲಿಫೋರ್ನಿಯಾದ ಪಾರ್ಕೊಂದರಲ್ಲಿ ಹನಿಯಾಕಾರದ ಸುತ್ತು ಬಂದ ಮೇಲೆ ಜನ ಇಂಥ ಸುತ್ತಿನಲ್ಲಿ ತಲೆಕೆಳಗಾಗಿಯೂ ನಗುತ್ತಾ ಇಳಿಯುವಂತಾಯಿತು. ಬುಡದಲ್ಲಿ ತಿರುವು ವಿಶಾಲ, ನೆತ್ತಿಯಲ್ಲಿ ಇಕ್ಕಟ್ಟು. ವೇಗವಿದ್ದ ಕಡೆ ಸಾವಕಾಶ ತಿರುಗು, ವೇಗ ಇಳಿದ ಕಡೆ ಬೇಗ ತಿರುಗು ಎಂದು ಅಪ್ಪ ವಿವರಿಸಿದಾಗ ನನಗೂ ಮೊದಲ ಸಲ ಅದು ಅರ್ಥವಾಯಿತು. ಎಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತದ ಮನುಷ್ಯ ನನ್ನ ಅಪ್ಪ. ನಾನು ಚಿಕ್ಕವಳಾಗಿದ್ದಾಗ ಅವರಿಗೆ ಹೀಗೆ ನನ್ನೊಡನೆ ಬೆಂಚಿನಲ್ಲಿ ಕೂರಲು ಬಿಡುವೇ ಇರಲಿಲ್ಲ.

ಡಿಸ್ನಿಲ್ಯಾಂಡ್ ಎಂಬ ಥೀಮ್ ಪಾರ್ಕಿನ ಕಥೆಯೂ ಒಂದು ಬೆಂಚಿನಿಂದಲೇ ಶುರುವಾದದ್ದು. ವಾಲ್ಟ್ ಡಿಸ್ನಿ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿಗೆ ಕರೆದೊಯ್ಯುತ್ತಿದ್ದ. ಮಕ್ಕಳು ಮರದ ಕುದುರೆಗಳ ಮೇಲೆ ಗಿರಗಿರ ಸುತ್ತುವಾಗ ಅಪ್ಪ ಬೆಂಚಿನಲ್ಲಿ ಕಡಲೆಕಾಯಿ ತಿನ್ನುತ್ತಾ ಒಬ್ಬನೇ ಕೂರುತ್ತಿದ್ದ. ಹೆತ್ತವರೂ ಮಕ್ಕಳೂ ಒಟ್ಟಿಗೆ ನಲಿಯುವ ಜಾಗವೊಂದು ಬೇಕು ಎಂದು ಆಗ ಹೊಳೆಯಿತಂತೆ. ಡಿಸ್ನಿಲ್ಯಾಂಡ್ ಬಾಗಿಲು ತೆರೆದದ್ದು 1955ರ ಜುಲೈ 17ರಂದು. ಅಷ್ಟು ವರ್ಷಗಳಾದರೂ ಬೆಂಚಿನಲ್ಲಿ ಕೂರುವವರು ಕಡಿಮೆಯಾಗಿಲ್ಲ. ಅಂದು ನಮ್ಮ ಸುತ್ತ ಅಜ್ಜಿಯರು, ಗರ್ಭಿಣಿಯರು, ಮೊಣಕಾಲು ನೋವಿನವರು, ನಿದ್ದೆ ಹೋದ ಕೂಸನ್ನು ಭುಜಕ್ಕೆ ಹಾಕಿಕೊಂಡವರು ಎಷ್ಟೋ ಮಂದಿ ಇದ್ದರು. ಪಾರ್ಕ್ ಕಟ್ಟುವವರು ನನ್ನ ಮಾತು ಕೇಳುವುದಾದರೆ ಒಂದನ್ನು ಕೇಳಿಕೊಳ್ಳುತ್ತೇನೆ: ಬೆಂಚುಗಳಿಗೆ ನೆರಳು ಕೊಡಿ, ಅವುಗಳ ಮುಖವನ್ನು ಯಂತ್ರದ ಕಡೆ ತಿರುಗಿಸಿ. ಹತ್ತಲಾಗದವರಿಗೂ ನೋಡುವ ಆಸೆಯಿದೆ.

ನಡುವಿನ ಹೊತ್ತು ಎಲ್ಲರ ದಿನದಂತೆ ಕಳೆಯಿತು. ನೀರಿನ ರೈಡಿನಲ್ಲಿ ಐವರೂ ತೊಯ್ದೆವು, ಅಪ್ಪ ಮೊಣಕಾಲಿನವರೆಗೆ ಮಾತ್ರ. ಎರಡು ನಿಮಿಷದ ಸುಖಕ್ಕೆ ಮುಕ್ಕಾಲು ಗಂಟೆ ನಿಂತೆವು. ಮಗ ಟೋಪಿ ಕಳೆದುಕೊಂಡ, ಸಿಕ್ಕಿತು. ಆದರೆ ಮಗಳು ಗಂಟೆಗೊಮ್ಮೆ ಅಜ್ಜನನ್ನು ಎಳೆದುಕೊಂಡು ಆ ಬೆಂಚಿಗೆ ಹೋಗಿಬರುತ್ತಿದ್ದಳು. ಅಪ್ಪನ ಕೈಗಡಿಯಾರ ಅವಳ ಮಣಿಕಟ್ಟಿನಲ್ಲಿ ಬಳೆಯಂತೆ ಜೋಲುತ್ತಿತ್ತು. ನೆತ್ತಿಯಿಂದ ರೈಲು ಇಳಿಯತೊಡಗಿದಾಗಿನಿಂದ ಬ್ರೇಕಿನವರೆಗೆ ಎಷ್ಟು ಸೆಕೆಂಡು ಎಂದು ಅವಳು ಅಳೆಯುತ್ತಿದ್ದಳು. ಬೆಳಿಗ್ಗೆ 64. ಮಧ್ಯಾಹ್ನ 63. ಸಂಜೆ ನಾಲ್ಕಕ್ಕೆ 62.

"ಅಜ್ಜ, ಇದು ಬೇಗ ಬೇಗ ಓಡುತ್ತಿದೆ."

ಅಪ್ಪ ತಾವೇ ಗಡಿಯಾರ ಹಿಡಿದು ಎರಡು ರೈಲು ನೋಡಿದರು. ಬೆಳಿಗ್ಗೆ ಚಕ್ರದ ಗ್ರೀಸ್ ತಣ್ಣಗೆ ಗಟ್ಟಿಯಾಗಿರುತ್ತದೆ, ಓಡುತ್ತಾ ಓಡುತ್ತಾ ಬಿಸಿಯಾಗಿ ತೆಳುವಾಗುತ್ತದೆ, ಆಗ ಚಕ್ರ ಸಲೀಸಾಗಿ ಉರುಳುತ್ತದೆ ಎಂದರು. ಅವಳು ಸ್ವಲ್ಪ ಹೊತ್ತು ಯೋಚಿಸಿದಳು. "ನಾನು ಬೆಳಿಗ್ಗೆ ಉದ್ದ. ಇದು ಸಂಜೆ ಚುರುಕು."

ಸಂಜೆ ಅಣ್ಣ ಕೊನೆಯ ಸಲ ಹತ್ತಲು ಹೊರಟಾಗ ಅವಳು ಅವನ ಅಂಗಿ ಹಿಡಿದು ನಿಲ್ಲಿಸಿ, ಮುಂದಿನ ಸೀಟು ಬೇಡ, ಹಿಂದಿನ ತುದಿಯ ಸೀಟಿನಲ್ಲಿ ಕೂರು ಎಂದಳು. ಮುಂದಿನ ಡಬ್ಬಿಗಳು ಇಳಿಜಾರಿಗೆ ಬಿದ್ದು ವೇಗ ಹಿಡಿದಿರುವಾಗ ಹಿಂದಿನ ಡಬ್ಬಿ ಇನ್ನೂ ನೆತ್ತಿಯ ಮೇಲಿರುತ್ತದೆ, ಅದನ್ನು ಅವು ಎಳೆದು ಎಸೆದಂತೆ ದಾಟಿಸುತ್ತವೆ, ಅಲ್ಲಿ ಮೈ ಹೆಚ್ಚು ತೇಲುತ್ತದೆ. ಹದಿಮೂರರ ಹುಡುಗ ತಂಗಿಯ ಮಾತು ಕೇಳುವುದು ಅಪರೂಪ. ಅಂದು ಕೇಳಿದ. ಇಳಿದು ಬಂದವನ ಕೂದಲು ನೆಟ್ಟಗೆ ನಿಂತಿತ್ತು. ನೇರ ಅವಳ ಬಳಿ ಬಂದು, "ನೀನು ಹೇಳಿದ್ದು ನಿಜ ಕಣೇ. ನಾನು ಸೀಟಿನಲ್ಲಿ ಇರಲೇ ಇಲ್ಲ" ಎಂದ. "ಹಳಿಯ ಅಡಿಯಲ್ಲೂ ಚಕ್ರ ಇದೆ, ಗೊತ್ತಾ?" ಎಂದು ಅವಳು ಕೇಳಿದಳು. ಅವನಿಗೆ ಗೊತ್ತಿರಲಿಲ್ಲ. ಮೂರು ಸಲ ಹತ್ತಿ ಇಳಿದವನನ್ನು ಅವಳು ಬೆಂಚಿಗೆ ಕರೆದೊಯ್ದು, ಎಡಗೈಯ ಬೆರಳುಗಳನ್ನು ಗರಗಸದಂತೆ ಅಗಲಿಸಿ ಹಿಡಿದಳು.

ಮರಳುವಾಗ ಬಸ್ಸಿನಲ್ಲಿ ದೀಪ ಆರಿಸಿದ್ದರು. ನನ್ನ ಗಂಡ ಮತ್ತು ಮಗ ಒಬ್ಬರಿಗೊಬ್ಬರು ಒರಗಿ ನಿದ್ದೆ ಹೋಗಿದ್ದರು. ಹಿಂದಿನ ಸೀಟಿನಿಂದ ಸಣ್ಣ ಸದ್ದು ಕೇಳಿತು. ಮಗಳು ಅಜ್ಜನ ಕಿವಿಯ ಹತ್ತಿರ ಬಾಯಿಟ್ಟು ನಾಲಿಗೆಯಿಂದ ಟಕ್, ಟಕ್, ಟಕ್ ಎನ್ನುತ್ತಿದ್ದಳು. ಬಹಳ ಹೊತ್ತು ಏರಿದಳು. ಆಮೇಲೆ ನಿಲ್ಲಿಸಿದಳು.

ತಿರುಗಿ ನೋಡಿದೆ. ಅಪ್ಪ ಕಣ್ಣು ಮುಚ್ಚಿಕೊಂಡು, ಮುಂದಿನ ಸೀಟಿನ ಸರಳನ್ನು ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದು ಕಾಯುತ್ತಿದ್ದರು.