ಕಡಲಕರೆಯ ಕ್ಯಾಂಪರಿಗೆ ಕರೆಂಟು

ಒಳಗೇ ಮಲಗಿ ಊರೂರು ಸುತ್ತುವ ಗಾಡಿ, ಅಂದರೆ ಕ್ಯಾಂಪರ್ ವ್ಯಾನ್ ಕಟ್ಟಿಸುವವರು ಮೊದಲು ಕೈಹಾಕುವುದು ಸೋಲಾರ್ ಪ್ಯಾನೆಲಿಗೆ. ಕಾಸರಗೋಡಿನಲ್ಲಿ ತಿರುಗುವ ಗಾಡಿಗಾದರೆ ಮೊದಲ ದುಡ್ಡು ಡಿಸಿ-ಡಿಸಿ ಚಾರ್ಜರಿಗೆ ಹೋಗಲಿ. ಗಾಡಿ ಓಡುವಾಗ ಎಂಜಿನ್ನಿನ ಕರೆಂಟಿನಿಂದ ಒಳಗಿನ ಎರಡನೇ ಬ್ಯಾಟರಿಯನ್ನು ಹದವಾಗಿ ತುಂಬುವ ಪೆಟ್ಟಿಗೆ ಅದು. ಕಣ್ವತೀರ್ಥದಲ್ಲಿ ನೆರಳು ಬೇಕೆಂದರೆ ತೆಂಗಿನ ಬುಡವೇ ಗತಿ. ಆಟಿ ತಿಂಗಳಲ್ಲಂತೂ ಬಿಸಿಲಿನ ಮಾತೇ ಬೇಡ.

45 ವ್ಯಾಟಿನ ಕಂಪ್ರೆಸರ್ ಫ್ರಿಜ್ ನಮ್ಮ ಸೆಕೆಗೆ ದಿನದ ಅರ್ಧ ಹೊತ್ತು ಓಡಿದರೆ 540 ವ್ಯಾಟ್-ಅವರ್. 25 ವ್ಯಾಟಿನ ಫ್ಯಾನ್ ಎಂಟು ಗಂಟೆಗೆ 200. ಲೈಟು, ಮೊಬೈಲು 100. ಒಟ್ಟು 840. 12.8 ವೋಲ್ಟಿನ 100 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 1280 ಇರುತ್ತದೆ, ಶೇ. 80 ಬಳಸಿದರೂ ಒಂದು ದಿನ ಸಾಗುತ್ತದೆ. ಅಗ್ಗವೆಂದು ಮನೆಯ ಇನ್ವರ್ಟರಿನ ಟ್ಯೂಬ್ಯುಲರ್ ಬ್ಯಾಟರಿ ಇಡಬೇಡಿ: ಘಾಟಿ ತಿರುವಿನಲ್ಲಿ ಆಸಿಡ್ ಚೆಲ್ಲೀತು, ಚಾರ್ಜಾಗುವಾಗ ಹೈಡ್ರೋಜನ್ ಬಿಡುತ್ತದೆ, ನೀವು ಮಲಗುವುದು ಅದರ ಪಕ್ಕದಲ್ಲೇ.

30 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಒಂದೂವರೆ ಗಂಟೆಯ ಓಟದಲ್ಲಿ 45 ಆಂಪಿಯರ್-ಅವರ್ ತುಂಬುತ್ತದೆ. ಹೊಸದುರ್ಗದಿಂದ ರಾಣಿಪುರ ಹತ್ತುವಷ್ಟರಲ್ಲಿ ದಿನದ ಖರ್ಚಿನ ಮೂರರಲ್ಲಿ ಎರಡು ಪಾಲು ಬಂತು. ಎರಡೂ ಬ್ಯಾಟರಿಗಳನ್ನು ನೇರ ಜೋಡಿಸುವ ಸ್ವಿಚ್ಚು, ಬರೇ ರಿಲೇ ಸಾಲದೇ? ಸಾಲದು. ಲಿಥಿಯಂ ಸಿಕ್ಕಷ್ಟೂ ಕರೆಂಟು ಎಳೆದು, ಐಡ್ಲಿಂಗಿನಲ್ಲಿ ಆಲ್ಟರ್ನೇಟರ್ (ಎಂಜಿನ್ ತಿರುಗಿಸುವ ಕರೆಂಟಿನ ಯಂತ್ರ) ಸುಟ್ಟೀತು. ಹಲವು ಬಿಎಸ್6 ಗಾಡಿಗಳ ಆಲ್ಟರ್ನೇಟರ್ ವೋಲ್ಟೇಜ್ ಇಳಿಸುವುದೂ ಉಂಟು. ಆಗ ಬ್ಯಾಟರಿ ತುಂಬುವುದೇ ಇಲ್ಲ. ಗಾಡಿಯ ಬ್ಯಾಟರಿಗೂ ಒಳಗಿನ ಬ್ಯಾಟರಿಗೂ ನಡುವೆ 5 ಮೀಟರ್ ಇದ್ದರೆ 16 ಚದರ ಮಿಲಿಮೀಟರಿನ ತಾಮ್ರದ ವಯರ್ ಎಳೆಯಿರಿ, ಎರಡೂ ಬ್ಯಾಟರಿಗಳ ಪ್ಲಸ್ಸಿನಿಂದ ಗೇಣಿನೊಳಗೆ 60 ಆಂಪಿಯರ್ ಫ್ಯೂಸ್ ಹಾಕಿ. ಎಂಜಿನ್ ನಿಂತಾಗ ಚಾರ್ಜರೂ ನಿಲ್ಲುವಂತೆ ಇಗ್ನಿಷನ್ ವಯರ್ ಕೊಡಿಸಿ. ಇಲ್ಲದಿದ್ದರೆ ಬೆಳಿಗ್ಗೆ ಗಾಡಿಯನ್ನು ತಳ್ಳಬೇಕಾದೀತು.

ಇನ್ನು ಸೋಲಾರ್. 12 ವೋಲ್ಟಿನ ಒಂದೇ ಪ್ಯಾನೆಲಿನಲ್ಲಿ ಸಾಮಾನ್ಯವಾಗಿ ಎರಡು ಬೈಪಾಸ್ ಡಯೋಡ್, ಅಂದರೆ ನೆರಳು ಬಿದ್ದ ಭಾಗವನ್ನು ಬಿಟ್ಟು ಕರೆಂಟನ್ನು ಸುತ್ತಿ ಕಳಿಸುವ ಬಿಡಿಭಾಗ. ಒಂದು ಮಡಲಿನ ನೆರಳು ಒಂದೇ ಸೆಲ್ಲಿನ ಮೇಲೆ ಬಿದ್ದರೂ ಅರ್ಧ ಪ್ಯಾನೆಲ್ ಹೊರಗುಳಿಯುತ್ತದೆ. 12 ವೋಲ್ಟಿನದೆಂದರೂ ಅದು ಬಿಸಿಲಲ್ಲಿ ಕೊಡುವುದು 18ರ ಆಸುಪಾಸು, ಮಿಕ್ಕದ್ದು 9 ವೋಲ್ಟ್. ಅದು 13 ವೋಲ್ಟಿನ ಬ್ಯಾಟರಿಯನ್ನು ತುಂಬಲಾರದು. ಅದಕ್ಕೇ 100 ವ್ಯಾಟಿನ ಎರಡು ಪ್ಯಾನೆಲ್ ಸೀರೀಸಿನಲ್ಲಿ (ಒಂದರ ಪ್ಲಸ್ ಇನ್ನೊಂದರ ಮೈನಸ್ಸಿಗೆ) ಹಾಕಿ, 100 ವೋಲ್ಟ್, 20 ಆಂಪಿಯರಿನ ಎಂಪಿಪಿಟಿ ಕಂಟ್ರೋಲರ್ ಕೊಳ್ಳಿ; ಪ್ಯಾನೆಲಿನ ಹೆಚ್ಚಿನ ವೋಲ್ಟನ್ನು ಬ್ಯಾಟರಿಗೆ ತಕ್ಕಂತೆ ಇಳಿಸಿ ತುಂಬುವುದು ಅದೇ. ನೆರಳಿಗೆ ಅರ್ಧ ಪ್ಯಾನೆಲ್ ಹೋದರೂ 27 ವೋಲ್ಟ್ ಉಳಿಯುತ್ತದೆ. ಚಾವಣಿಗೆ ಅಂಟಿಸುವ ತೆಳು ಪ್ಯಾನೆಲ್ ಬೇಡ, ಅಡಿಯಲ್ಲಿ ಗಾಳಿಯಾಡದೆ ಕಾದು ಇಳುವರಿ ಕೆಡುತ್ತದೆ. ಬೇಸಿಗೆಯಲ್ಲಿ, ಪೊಸಡಿಗುಂಪೆ ಗುಡ್ಡದಂಥ ಬಯಲಿನಲ್ಲಿ ದಿನಕ್ಕೆ 600 ವ್ಯಾಟ್-ಅವರಿನ ಆಸುಪಾಸು ಸಿಕ್ಕೀತು.

ಕಂಟ್ರೋಲರಿಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್; ಬಿಚ್ಚುವಾಗ ಉಲ್ಟಾ. ಅದರ ಸೆಟ್ಟಿಂಗು: ಚಾರ್ಜ್ 14.2 ವೋಲ್ಟ್, ಫ್ಲೋಟ್ (ತುಂಬಿದ ಮೇಲೆ ಹಿಡಿದಿಡುವ ವೋಲ್ಟೇಜ್) 13.5, ಆಸಿಡ್ ಬ್ಯಾಟರಿಗೆಂದೇ ಇರುವ ಈಕ್ವಲೈಸ್ ಆಫ್. ಉಪ್ಪುಗಾಳಿಗೆ ವಯರಿನ ತುದಿಗೆ ತವರ ಲೇಪಿಸಿದ ಲಗ್‌ಗಳನ್ನೇ ಒತ್ತಿಸಿ ಕ್ರಿಂಪ್ ಮಾಡಿಸಿ, ಮೇಲೆ ಒಳಬದಿಗೆ ಅಂಟು ಇರುವ ಹೀಟ್‌ಶ್ರಿಂಕ್ (ಕಾಯಿಸಿದರೆ ಬಿಗಿಯುವ ಕೊಳವೆ) ಹಾಕಿಸಿ. ಮಳೆ ಮುಗಿದ ಮೇಲೆ ಒಂದೊಂದೇ ಟರ್ಮಿನಲ್ ಬಿಗಿಮಾಡಿ.