ಮೊದಲ ಇಸಿಜಿ ನಾರ್ಮಲ್ ಬಂದರೆ ಕೆಲಸ ಮುಗಿದಂತಲ್ಲ

ಎದೆ ಹಿಡಿದುಕೊಂಡಿದೆ ಎಂದು ಬಂದ ಗಂಡಸಿಗೆ ‘ಗ್ಯಾಸ್ಟ್ರಿಕ್’ ಎಂದು ಚೀಟಿ ಬರೆದು ಕಳಿಸಿ, ಆತ ಮರುದಿನ ತೀರಿಹೋದ ಪ್ರಕರಣಗಳ ಕಡತ ಓದಿ ಅಭಿಪ್ರಾಯ ಬರೆಯುವುದು ನಮ್ಮ ಕೆಲಸದ ಒಂದು ಭಾಗ. ಇನ್ನೊಂದು ಭಾಗ ಕ್ಯಾಶುವಾಲ್ಟಿ ಡ್ಯೂಟಿ. ಈ ಕಡತಗಳಲ್ಲಿ ಹೃದಯಾಘಾತದ ಬಗ್ಗೆ ಏನೂ ತಿಳಿಯದ ವೈದ್ಯರು ಕಾಣಸಿಗುವುದು ಅಪರೂಪ. ಬಿಪಿ ನೋಡಿರುತ್ತಾರೆ, ಇಸಿಜಿ ತೆಗೆದಿರುತ್ತಾರೆ, ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಇಂಜೆಕ್ಷನ್ ಕೊಟ್ಟಿರುತ್ತಾರೆ. ಎರಡನೇ ಇಸಿಜಿ ಮಾತ್ರ ಇರುವುದಿಲ್ಲ.

ತಪ್ಪು ಶುರುವಾಗುವುದು ಪ್ರಶ್ನೆಯಲ್ಲೇ. “ಎದೆನೋವು ಇದೆಯಾ?” ಎಂದು ಕೇಳಿದರೆ ನಮ್ಮ ಊರುಗಳ ಬಹಳಷ್ಟು ಗಂಡಸರು “ಇಲ್ಲ ಡಾಕ್ಟ್ರೇ” ಎನ್ನುತ್ತಾರೆ. ಅವರ ಮಟ್ಟಿಗೆ ಅದು ನೋವೇ ಅಲ್ಲ. “ಏನೋ ಒಂಥರಾ ಭಾರ”, “ಎದೆ ಬಿಗಿದ ಹಾಗೆ”, “ಗ್ಯಾಸ್ ಮೇಲಕ್ಕೆ ಬಂದ ಹಾಗೆ”, “ರಟ್ಟೆ ಸೆಳೀತಿದೆ”. ಡ್ಯೂಟಿ ಡಾಕ್ಟರ್ ಇದನ್ನೆಲ್ಲ ಇಂಗ್ಲಿಷಿಗೆ ತಿರುಗಿಸಿ ‘ಎದೆನೋವಿಲ್ಲ’ ಎಂದು ಬರೆದುಬಿಡುತ್ತಾರೆ, ಮುಂದೆ ನೋಡುವವರೆಲ್ಲ ಆ ಒಂದು ಸಾಲನ್ನೇ ನಂಬುತ್ತಾರೆ. ಭಾರ, ಬಿಗಿತ, ಉರಿ, ಬೆವರು, ದವಡೆ, ಬೆನ್ನು, ಮೆಟ್ಟಿಲು ಹತ್ತಿದಾಗ ಹೆಚ್ಚಾಯಿತೇ ಎಂದು ಒಂದೊಂದಾಗಿ ಹೆಸರಿಟ್ಟು ಕೇಳಬೇಕು. ರೋಗಿ ಹೇಳಿದ ಕನ್ನಡ ಮಾತನ್ನೇ ಹಾಗೇ ಬರೆದುಕೊಳ್ಳಬೇಕು. ಸಕ್ಕರೆ ಕಾಯಿಲೆ ಇದ್ದವರಲ್ಲಿ ಬರೀ ಸುಸ್ತು, ಉಬ್ಬಸವೇ ಹೃದಯಾಘಾತದ ಲಕ್ಷಣವಾಗಿರಬಹುದು.

ಎದೆಯ ತೊಂದರೆ ಹೇಳಿಕೊಂಡು ಒಳಗೆ ಬಂದ 10 ನಿಮಿಷದೊಳಗೆ ಇಸಿಜಿ ತೆಗೆದು, ವೈದ್ಯರು ಅದನ್ನು ಓದಿ, ಸಮಯ ಹಾಕಿ ಸಹಿ ಮಾಡಿರಬೇಕು. ಇದು ಬಹುತೇಕ ಆಸ್ಪತ್ರೆಗಳಿಗೆ ಗೊತ್ತು. ಆದರೆ ಇಸಿಜಿ ಎಂದರೆ ಹತ್ತು ಸೆಕೆಂಡಿನ ಚಿತ್ರ ಅಷ್ಟೇ. ರಕ್ತನಾಳ ಒಮ್ಮೆ ಮುಚ್ಚಿಕೊಂಡು ಮತ್ತೆ ಅರೆಬರೆ ತೆರೆದುಕೊಳ್ಳುತ್ತಿರುವಾಗ ಆ ಹತ್ತು ಸೆಕೆಂಡು ಶುದ್ಧವಾಗಿಯೇ ಕಾಣಬಹುದು. ತೊಂದರೆ ಮುಂದುವರಿದಿದ್ದರೆ ಮೊದಲ ಒಂದು ಗಂಟೆಯಲ್ಲಿ ಪ್ರತಿ 15ರಿಂದ 30 ನಿಮಿಷಕ್ಕೊಮ್ಮೆ ತೆಗೆದು ಹಿಂದಿನದರ ಪಕ್ಕದಲ್ಲಿಟ್ಟು ನೋಡಬೇಕು. ಸ್ಟಿಕ್ಕರ್ ಅಂಟಿಸಿದ ಜಾಗ ಬದಲಾಗಬಾರದು, ಇಲ್ಲವಾದರೆ ಹೋಲಿಕೆಗೆ ಅರ್ಥವಿಲ್ಲ.

ಪ್ರಾಯದ ಗಂಡಸರ ವಿಷಯದಲ್ಲಿ ಇನ್ನೊಂದು ತೊಡಕಿದೆ. ಎದೆಯ ಮುಂಭಾಗದ ವಿ2, ವಿ3 ಲೀಡ್‌ಗಳಲ್ಲಿ (ಆಯಾ ಸ್ಟಿಕ್ಕರ್ ಜಾಗದಿಂದ ಮೂಡುವ ಗೆರೆಗಳಲ್ಲಿ) ಎಸ್‌ಟಿ ಏರಿಕೆಯನ್ನು, ಅಂದರೆ ಬಡಿತದ ಚೂಪು ಅಲೆಯ ನಂತರದ ಭಾಗ ಮೇಲೇರುವುದನ್ನು, ಹೃದಯಾಘಾತವೆಂದು ಎಣಿಸುವ ಮಿತಿ 40 ದಾಟಿದ ಗಂಡಸರಿಗೆ 2 ಮಿ.ಮೀ., 40ರೊಳಗಿನವರಿಗೆ 2.5 ಮಿ.ಮೀ. ಆರೋಗ್ಯವಂತ ಯುವಕರಲ್ಲೂ ಅಲ್ಲಿ ಒಂದಿಷ್ಟು ಏರಿಕೆ ಇರುವುದರಿಂದ ಮಿತಿಯನ್ನು ಮೇಲಿಟ್ಟಿದ್ದಾರೆ. ಹಾಗಾಗಿ 35 ವರ್ಷದವನ ಇಸಿಜಿಯಲ್ಲಿ 2 ಮಿ.ಮೀ. ಕಂಡರೆ “ಈ ವಯಸ್ಸಿಗೆ ಸಹಜ” ಎಂದು ಬದಿಗಿಡುತ್ತಾರೆ. ಸಹಜವೋ ಅಲ್ಲವೋ ತಿಳಿಯುವುದು ಇಪ್ಪತ್ತು ನಿಮಿಷದ ಮೇಲೆ ತೆಗೆದ ಇಸಿಜಿಯಲ್ಲಿ. ವಿ1ರಿಂದ ವಿ3ರವರೆಗೆ ಎಸ್‌ಟಿ ಕೆಳಗಿಳಿದಿದ್ದರೆ ಬೆನ್ನಿನ ಕಡೆ ವಿ7, ವಿ8, ವಿ9 ಹಾಕಿ ನೋಡದೆ ಬಿಡಬಾರದು, ಅಲ್ಲಿ 0.5 ಮಿ.ಮೀ. ಏರಿಕೆಯೂ ಲೆಕ್ಕಕ್ಕೆ ಬರುತ್ತದೆ, 40ರೊಳಗಿನ ಗಂಡಸರಿಗೆ 1 ಮಿ.ಮೀ. ಹೃದಯದ ಕೆಳಭಾಗ ತೋರಿಸುವ ಎರಡು, ಮೂರು, ಎವಿಎಫ್ ಲೀಡ್‌ಗಳಲ್ಲಿ ಏರಿಕೆ ಇದ್ದರೆ ಬಲಗಡೆಯ ವಿ4ಆರ್ ಕಡ್ಡಾಯ. ಬಲ ಹೃತ್ಕುಕ್ಷಿಗೆ ಪೆಟ್ಟಾಗಿರುವಾಗ ರಕ್ತನಾಳ ಹಿಗ್ಗಿಸುವ ಸಾರ್ಬಿಟ್ರೇಟ್ ಮಾತ್ರೆಯನ್ನು ನಾಲಿಗೆಯಡಿ ಇಟ್ಟರೆ ಬಿಪಿ ಒಮ್ಮೆಲೇ ಕುಸಿಯಬಹುದು. ಸಾರ್ಬಿಟ್ರೇಟ್‌ಗೆ ಮುಂಚೆ ಗಂಡಸರನ್ನು ಕೇಳಲೇಬೇಕಾದ ಇನ್ನೊಂದು ಮಾತಿದೆ: ಲೈಂಗಿಕ ಶಕ್ತಿಗೆಂದು ತಗೊಳ್ಳುವ ಮಾತ್ರೆಗಳಲ್ಲಿ ಸಿಲ್ಡೆನಾಫಿಲ್ 24 ಗಂಟೆಯೊಳಗೆ, ಟಡಾಲಾಫಿಲ್ 48 ಗಂಟೆಯೊಳಗೆ ತಗೊಂಡಿದ್ದಾರೆಯೇ? ಹೆಂಡತಿ ಮಕ್ಕಳ ಎದುರು ಯಾರೂ ಹೌದು ಎನ್ನುವುದಿಲ್ಲ. ಮನೆಯವರನ್ನು ಪರದೆಯಾಚೆ ಕಳಿಸಿ ಕೇಳಿ.

ಹೃದಯದ ಸ್ನಾಯುವಿನ ಪ್ರೋಟೀನ್ ಆದ ಟ್ರೋಪೋನಿನ್‌ನ ರಕ್ತಪರೀಕ್ಷೆಯಲ್ಲೂ ಇದೇ ಕಥೆ. ಹೃದಯದ ಸ್ನಾಯು ಸತ್ತ ಮೇಲೆ ಅದು ರಕ್ತದಲ್ಲಿ ಏರಲು ಹೊತ್ತು ಬೇಕು. ಹೈ ಸೆನ್ಸಿಟಿವಿಟಿ ಪರೀಕ್ಷೆ ಇರುವಲ್ಲಿ ಬಂದ ತಕ್ಷಣ ಒಂದು, ಆಮೇಲೆ 1, 2 ಅಥವಾ 3 ಗಂಟೆಗೆ ಇನ್ನೊಂದು, ಆ ಕಿಟ್‌ಗೆ ಗೊತ್ತುಪಡಿಸಿದ ಹಾಗೆ. ಸಣ್ಣ ಲ್ಯಾಬುಗಳ ಗೆರೆ ಮೂಡುವ ಕಾರ್ಡ್ ಟೆಸ್ಟ್ ಆದರೆ 6 ಗಂಟೆ ಕಾದು ಮತ್ತೆ ಮಾಡಬೇಕು. ನೋವು ಶುರುವಾಗಿ ಒಂದೇ ಗಂಟೆಯಾದವನ ಕಾರ್ಡ್ ನೆಗೆಟಿವ್ ಬಂದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ಆಂಟಾಸಿಡ್ ಕುಡಿದ ಮೇಲೆ ಹಗುರವಾಯಿತು ಎಂಬುದರಿಂದಲೂ ಆಗುವುದಿಲ್ಲ. ಹೃದಯದ ನೋವೂ ತಾನಾಗಿ ಇಳಿಯುತ್ತದೆ, ಆ ಹೊತ್ತಿಗೆ ಕೈಯಲ್ಲಿದ್ದ ಔಷಧಕ್ಕೆ ಹೆಸರು ಬರುತ್ತದೆ.

ಅತ್ಯಂತ ಸಂಕಟವಾಗುವುದು ವೆಲನ್ಸ್ ಮಾದರಿಯ ಇಸಿಜಿಗಳನ್ನು ಕಡತದಲ್ಲಿ ಕಂಡಾಗ. ರೋಗಿ ಬರುವ ಹೊತ್ತಿಗೆ ನೋವು ಹೋಗಿರುತ್ತದೆ, ಟ್ರೋಪೋನಿನ್ ಹೆಚ್ಚುಕಡಿಮೆ ಸರಿಯಿರುತ್ತದೆ, ವಿ2, ವಿ3ರಲ್ಲಿ ಬಡಿತದ ಕೊನೆಗೆ ಬರುವ ಟಿ ಅಲೆ ಮಾತ್ರ ತಲೆಕೆಳಗಾಗಿರುತ್ತದೆ, ಇಲ್ಲವೇ ಅರ್ಧ ಮೇಲೆ ಅರ್ಧ ಕೆಳಗೆ. ಹೃದಯದ ಮುಂಭಾಗಕ್ಕೆ ರಕ್ತ ಒಯ್ಯುವ ಎಡಗಡೆಯ ರಕ್ತನಾಳ (ಎಲ್‌ಎಡಿ) ಮುಚ್ಚುವ ಅಂಚಿನಲ್ಲಿದೆ ಎಂಬುದಕ್ಕೆ ಇದು ಎಚ್ಚರಿಕೆ. “ನೋವಿಲ್ಲವಲ್ಲ, ನಾಳೆ ಟಿಎಂಟಿ ಮಾಡಿಸಿ” ಎಂದು ಬರೆಯುತ್ತಾರೆ. ಅವರನ್ನು ಟ್ರೆಡ್‌ಮಿಲ್ ಮೇಲೆ ಓಡಿಸುವುದೇ ಅಪಾಯ. ಸೇರಿಸಿಕೊಂಡು ಆಂಜಿಯೋಗ್ರಾಂಗೆ ಕಳಿಸಬೇಕು.

“ಇಷ್ಟು ಚಿಕ್ಕ ವಯಸ್ಸಿಗೆ ಹಾರ್ಟ್ ಪ್ರಾಬ್ಲಂ ಯಾಕೆ ಬರುತ್ತೆ” ಎಂಬ ಮಾತು ಈಗಲೂ ಕೇಳುತ್ತದೆ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡಾಗ ಅವರಿಗೆ 46. ಹಲವು ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವಾದ ಸರಾಸರಿ ವಯಸ್ಸು 53, ಉಳಿದ ದೇಶದವರಿಗೆ ಸುಮಾರು 59. ಎದೆನೋವಿನ ರೋಗಿಗಿರುವ ಅಪಾಯವನ್ನು ಅಂಕಗಳಲ್ಲಿ ಅಳೆಯುವ, ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದ ಹಾರ್ಟ್ ಸ್ಕೋರ್ 45ರೊಳಗಿನವರಿಗೆ ವಯಸ್ಸಿನ ಅಂಕ ಸೊನ್ನೆ ಕೊಡುತ್ತದೆ. ಸ್ಕೋರ್ ಉಪಯೋಗಿಸಿ, ಆದರೆ ಬೀಡಿ ಸೇದುವ, ಅಪ್ಪನಿಗೆ 50ರೊಳಗೆ ಹೃದಯಾಘಾತವಾಗಿದ್ದ 38ರ ಗಂಡಸನ್ನು ಆ ಸೊನ್ನೆ ನೋಡಿಕೊಂಡು ಮನೆಗೆ ಕಳಿಸಬೇಡಿ. ಈಗ ತಾಲ್ಲೂಕು ಆಸ್ಪತ್ರೆಗಳಿಗೂ ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆ ಬಂದಿದೆ. ಇಸಿಜಿ ತೆಗೆದು ದೊಡ್ಡ ಕೇಂದ್ರದ ತಜ್ಞರಿಗೆ ಕಳಿಸಿ, ಅವರು ಹೇಳಿದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಅಲ್ಲೇ ಉಚಿತವಾಗಿ ಕೊಡುವ ವ್ಯವಸ್ಥೆ ಅದು. ಅನುಮಾನ ಇದ್ದಾಗ ಒಬ್ಬರೇ ನಿರ್ಧರಿಸಬೇಕಾದ ಒತ್ತಾಯ ಈಗಿಲ್ಲ.

ಇನ್ನು ದೂರಿನ ವಿಷಯ. ರೋಗ ಪತ್ತೆ ತಪ್ಪಿದ ಮಾತ್ರಕ್ಕೆ ನಿರ್ಲಕ್ಷ್ಯ ಆಗುವುದಿಲ್ಲ. ನಿರ್ಣಯದಲ್ಲಿ ಎಡವುವುದೇ ಬೇರೆ, ಮಾಡಲೇಬೇಕಾದ್ದನ್ನು ಮಾಡದಿರುವುದೇ ಬೇರೆ. ಕ್ರಿಮಿನಲ್ ಹೊಣೆಗೆ ಘೋರ ನಿರ್ಲಕ್ಷ್ಯ ಬೇಕು ಎಂದು ಸುಪ್ರೀಂ ಕೋರ್ಟ್ 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ಹೇಳಿತು. ಪರಿಹಾರದ ದಾವೆಗೆ ಅಷ್ಟು ಬೇಡ. ಮಲೇರಿಯಾವನ್ನು ಟೈಫಾಯ್ಡ್ ಎಂದು ಚಿಕಿತ್ಸೆ ಮಾಡಿದ ವಿ. ಕಿಶನ್ ರಾವ್ ಪ್ರಕರಣದಲ್ಲಿ (2010) ಪ್ರತಿಯೊಂದು ದೂರಿಗೂ ತಜ್ಞರ ಸಾಕ್ಷ್ಯ ಬೇಕಿಲ್ಲ ಎಂದೂ ಅದೇ ಕೋರ್ಟ್ ಹೇಳಿದೆ. ನಮ್ಮ ಅಭಿಪ್ರಾಯ ನಿಲ್ಲುವುದು ಎರಡು ಪ್ರಶ್ನೆಗಳ ಮೇಲೆ. ಆ ಹೊತ್ತಿಗೆ ಸಾಮಾನ್ಯ ಜವಾಬ್ದಾರಿಯುಳ್ಳ ವೈದ್ಯರು ಮತ್ತೊಮ್ಮೆ ನೋಡುತ್ತಿದ್ದರೇ? ನೋಡಿದ್ದರೆ ಉಳಿಸುವಷ್ಟು ಸಮಯ ಇತ್ತೇ? ಎರಡನೆಯದಕ್ಕೆ ನೋವು ಶುರುವಾದ ಗಂಟೆ ಬೇಕು, ಹೆಪ್ಪು ಕರಗಿಸುವ ಚಿಕಿತ್ಸೆಗೆ ಸಾಮಾನ್ಯವಾಗಿ 12 ಗಂಟೆಯ ಅವಧಿ ಇರುವುದರಿಂದ. ಕೇಸ್ ಶೀಟಿನಲ್ಲಿ ‘ನಿನ್ನೆಯಿಂದ’ ಎಂದಷ್ಟೇ ಬರೆದಿದ್ದರೆ ಡಾಕ್ಟರಿಗೂ ಉಪಯೋಗವಿಲ್ಲ, ಕುಟುಂಬಕ್ಕೂ ಇಲ್ಲ.

ಸಣ್ಣದೆನಿಸುವ ಒಂದು ಸಂಗತಿಯಿಂದ ಎಷ್ಟೋ ದಾವೆಗಳು ದಾರಿ ತಪ್ಪುತ್ತವೆ. ಇಸಿಜಿ ಕಾಗದ ಥರ್ಮಲ್ ಕಾಗದ. ಬಿಸಿಲು, ಶಾಖ, ಪ್ಲಾಸ್ಟಿಕ್ ಕವರ್ ತಾಗಿ ಕಾಲಕ್ರಮೇಣ ಗೆರೆಗಳು ಅಳಿಸಿಹೋಗುತ್ತವೆ. ಅದೇ ದಿನ ಜೆರಾಕ್ಸ್ ತೆಗೆದು ಸೇರಿಸಿಡಿ. ಯಂತ್ರದ ಗಡಿಯಾರ ಸರಿಯಿದೆಯೇ ಎಂದು ಪ್ರತಿ ಶಿಫ್ಟಿನಲ್ಲೂ ನೋಡಿ. ಕಾಗದದ ಮೇಲಿನ ಸಮಯಕ್ಕೂ ನರ್ಸ್ ನೋಟ್ಸಿಗೂ ತಾಳೆಯಾಗದಿದ್ದರೆ ಪ್ರಾಮಾಣಿಕವಾಗಿ ಬರೆದದ್ದೂ ತಿದ್ದಿದ ಹಾಗೆ ಕಾಣುತ್ತದೆ. ತಪ್ಪು ಬರೆದರೆ ಒಂದೇ ಗೆರೆ ಎಳೆದು ಸಹಿ, ಸಮಯ ಹಾಕಿ. ರೋಗಿಯೇ ದಾಖಲಾಗಲು ಒಪ್ಪದಿದ್ದರೆ ಇಂಗ್ಲಿಷ್ ಫಾರ್ಮಿಗೆ ಸಹಿ ಹಾಕಿಸಿದರೆ ಸಾಲದು. “ಹೃದಯಾಘಾತ ಇರಬಹುದು, ಮನೆಗೆ ಹೋದರೆ ಪ್ರಾಣ ಹೋಗಬಹುದು ಎಂದು ತಿಳಿಸಲಾಗಿದೆ” ಎಂದು ಕನ್ನಡದಲ್ಲೇ ಬರೆದು ಸಹಿ ಪಡೆಯಬೇಕು.

ಕುಟುಂಬದವರು ಮೊದಲು ಮಾಡಬೇಕಾದ್ದು ದಾಖಲೆಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯುವುದು. ವೈದ್ಯಕೀಯ ನಡತೆಯ 2002ರ ನಿಯಮಗಳ ಪ್ರಕಾರ 72 ಗಂಟೆಯೊಳಗೆ ಕೊಡಬೇಕು. ದಾಖಲೆ ಉಳಿಸಿಡಬೇಕಾದ ಅವಧಿ 3 ವರ್ಷ. ಗ್ರಾಹಕ ಆಯೋಗಕ್ಕೆ ಹೋಗಲು ಇರುವ ಕಾಲ 2 ವರ್ಷ. ಯಾವ ಆಯೋಗ ಎಂಬುದನ್ನು ಕೇಳುವ ಪರಿಹಾರ ನಿರ್ಧರಿಸುವುದಿಲ್ಲ, ಆಸ್ಪತ್ರೆಗೆ ಕಟ್ಟಿದ ಹಣ ನಿರ್ಧರಿಸುತ್ತದೆ. 50 ಲಕ್ಷದವರೆಗೆ ಜಿಲ್ಲಾ ಆಯೋಗ, ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ಅರ್ಜಿ ಶುಲ್ಕವೂ ಇಲ್ಲ. ಎಲ್ಲರಿಗೂ ಉಚಿತ ಸೇವೆ ಕೊಡುವ ಆಸ್ಪತ್ರೆ 1995ರ ವಿ.ಪಿ. ಶಾಂತಾ ತೀರ್ಪಿನಂತೆ ಗ್ರಾಹಕ ಕಾಯ್ದೆಯಡಿ ಬರುವುದಿಲ್ಲ, ಅಂಥಲ್ಲಿ ಸಿವಿಲ್ ಕೋರ್ಟಿಗೆ ಹೋಗಬೇಕಾಗುತ್ತದೆ. ವೈದ್ಯರ ನಡತೆಯ ದೂರು ಮಾತ್ರ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ.

ಮರಣೋತ್ತರ ಪರೀಕ್ಷೆಯ ಮಾತು ಆಡಲು ಯಾರಿಗೂ ಮನಸ್ಸಾಗುವುದಿಲ್ಲ. ಆದರೆ ಅದಿಲ್ಲದ ಕಡತದಲ್ಲಿ ಸಾವಿನ ಕಾರಣದ ಜಾಗದಲ್ಲಿ ‘ಹೃದಯ, ಉಸಿರಾಟ ನಿಂತದ್ದು’ ಎಂದಿರುತ್ತದೆ. ಸತ್ತವರೆಲ್ಲರದ್ದೂ ನಿಂತಿರುತ್ತದೆ, ಅದು ಕಾರಣವಲ್ಲ. ಮನೆಯಲ್ಲಿ ಹಠಾತ್ತಾಗಿ ಸತ್ತ ಗಂಡಸಿಗೆ ಆಗಿದ್ದು ಹೃದಯಾಘಾತವೋ, ಮಹಾಪಧಮನಿ ಸೀಳಿದ್ದೋ, ಶ್ವಾಸಕೋಶಕ್ಕೆ ಹೆಪ್ಪು ಹೋದದ್ದೋ ಹೊರಗಿನಿಂದ ಹೇಳಲು ಬರುವುದಿಲ್ಲ. ಪರೀಕ್ಷೆ ಏಕೆ ಬೇಕು ಎಂದು ಆ ಹೊತ್ತಿನಲ್ಲೇ ಸಮಾಧಾನವಾಗಿ ಮನೆಯವರಿಗೆ ಹೇಳಿ. ಅವರು ಬೇಡವೆಂದರೆ ಹಾಗೆಂದದ್ದನ್ನೂ ಸಮಯ ಹಾಕಿ ಬರೆದಿಡಿ.