ಮೂರನೇ ಬೇಸಿಗೆ, ಒಂಬತ್ತು ಹುಳು: ನನ್ನ ಮೊನಾರ್ಕ್ ದಿನಚರಿ

ಆಗಸ್ಟ್ 4

ಅಮೆರಿಕದ ಉತ್ತರ ಇಲಿನಾಯ್‌ನ ನಮ್ಮ ಹಿತ್ತಲಿನ ಮಿಲ್ಕ್‌ವೀಡ್ ಪೊದೆಗೆ ಇವತ್ತು ಒಂದು ಹೆಣ್ಣು ಮೊನಾರ್ಕ್ ಚಿಟ್ಟೆ ಬಂದಿತ್ತು. ಹೂವಿನ ಕಡೆ ತಿರುಗಿಯೂ ನೋಡಲಿಲ್ಲ. ಒಂದು ಎಲೆ ಮೇಲೆ ಇಳಿಯುವುದು, ಮುಂಗಾಲಿನಿಂದ ಪಟಪಟ ತಟ್ಟುವುದು, ಇದು ಬೇಡ ಅಂತ ಮುಂದಿನದಕ್ಕೆ ಹಾರುವುದು. ಚಿಟ್ಟೆಗೆ ಎಲೆಯ ರುಚಿ ಗೊತ್ತಾಗುವುದು ಕಾಲಿನಿಂದಲೇ. ಸಂತೆಯಲ್ಲಿ ಒಂದೊಂದೇ ಕಾಯಿ ಒತ್ತಿ ನೋಡುವವರ ಹಾಗೆ ಹತ್ತು ಎಲೆ ತಟ್ಟಿ ಕೊನೆಗೆ ಒಂದನ್ನು ಒಪ್ಪಿಕೊಂಡಿತು. ಅಂಚಿಗೆ ಜೋತುಬಿದ್ದು, ಹೊಟ್ಟೆಯ ತುದಿಯನ್ನು ಕೊಕ್ಕೆ ಹಾಗೆ ಬಗ್ಗಿಸಿ, ಎಲೆಯಡಿಗೆ ಒಂದೇ ಒಂದು ಮೊಟ್ಟೆ ಅಂಟಿಸಿತು.

ಅದು ಹೋದ ಮೇಲೆ ಎಲೆ ತಿರುಗಿಸಿ ನೋಡಿದೆ. ಗಸಗಸೆ ಕಾಳಿನಷ್ಟು. ಕೆನೆ ಬಣ್ಣ. ಲೆನ್ಸ್ ಹಿಡಿದರೆ ಮೇಲಿಂದ ಕೆಳಕ್ಕೆ ಸಣ್ಣ ಸಣ್ಣ ಏಣುಗಳು ಕಾಣುತ್ತವೆ. ಪೊದೆ ಪೂರ್ತಿ ಹುಡುಕಿದಾಗ ಇಂಥ ಏಳು ಸಿಕ್ಕವು. ಪಕ್ಕದ ಗಿಡದಲ್ಲಿ ಆಗಲೇ ಎರಡು ಹುಳು ಮೇಯುತ್ತಿದ್ದವು, ಕಿರುಬೆರಳಿನ ಉಗುರಿನಷ್ಟು ಉದ್ದ. ಅವನ್ನೂ ಎಲೆ ಸಮೇತ ತಂದೆ. ಒಟ್ಟು ಒಂಬತ್ತು. ಇಷ್ಟೇ ಸಾಕು.

ಹಿಂದಿನ ಎರಡು ವರ್ಷದ ಕಥೆ ಹೇಳಿದರೆ ಯಾಕೆ ಸಾಕು ಅಂತ ಅರ್ಥವಾಗುತ್ತದೆ. ಮೊದಲ ವರ್ಷ ಒಂದು ನರ್ಸರಿಯಿಂದ ತಂದ ಗಿಡದ ಎಲೆ ತಿನ್ನಿಸಿ ನಾಲ್ಕು ಹುಳುಗಳನ್ನು ಒಂದೇ ರಾತ್ರಿಯಲ್ಲಿ ಕೊಂದೆ. ಹಸಿರು ವಾಂತಿ ಮಾಡಿಕೊಂಡು ಬಿದ್ದಿದ್ದವು. ಗಿಡಕ್ಕೆ ಔಷಧಿ ಹೊಡೆದಿದ್ದೀರಾ ಅಂತ ಕೇಳುವ ಬುದ್ಧಿ ನನಗೆ ಆಗ ಇರಲಿಲ್ಲ. ಎರಡನೇ ವರ್ಷ ಉತ್ಸಾಹ ಜಾಸ್ತಿ ಆಗಿ 38 ಹುಳು ತಂದು ಒಂದೇ ಬಲೆಯ ಪೆಟ್ಟಿಗೆಯಲ್ಲಿ ತುಂಬಿಸಿದೆ. ಕೊನೆಗೆ ಹೊರಬಂದ ಚಿಟ್ಟೆಗಳಲ್ಲಿ ಹನ್ನೊಂದಕ್ಕೆ ರೆಕ್ಕೆ ಬಿಚ್ಚಲಿಲ್ಲ. ಓ.ಇ. ಅಂತ ಕರೆಯುವ ಒಂದು ಪರಾವಲಂಬಿ ಜೀವಿಯ ಕೆಲಸ. ರೋಗ ಇರುವ ಚಿಟ್ಟೆಯ ಮೈಮೇಲೆ ಕಣ್ಣಿಗೆ ಕಾಣದ ಬೀಜಕಗಳಿರುತ್ತವೆ. ಅವು ಮೊಟ್ಟೆ, ಎಲೆ ಮೇಲೆ ಉದುರುತ್ತವೆ. ಹುಳು ತಿನ್ನುತ್ತದೆ, ಒಳಗೆ ಅದು ಬೆಳೆಯುತ್ತದೆ. ಔಷಧಿ ಇಲ್ಲ. ಒತ್ತೊತ್ತಾಗಿ ಸಾಕಿದಷ್ಟೂ ಜೋರಾಗಿ ಹರಡುತ್ತದೆ. ಕೀಟ ಸಂರಕ್ಷಣೆಯ ಜರ್ಕ್ಸೀಸ್ ಸೊಸೈಟಿಯವರು ಮನೆಯಲ್ಲಿ ಸಾಕುವವರಿಗೆ ವರ್ಷಕ್ಕೆ ಹತ್ತಕ್ಕಿಂತ ಜಾಸ್ತಿ ಬೇಡ ಅನ್ನುತ್ತಾರೆ. ಆಗ ಅದು ಅತಿಯಾಯ್ತು ಅನ್ನಿಸಿತ್ತು. ಈಗ ಅನ್ನಿಸುವುದಿಲ್ಲ.

ಈ ಸಲ ನನ್ನ ಗುರಿ ಚಿಟ್ಟೆ ಉಳಿಸುವುದಲ್ಲ. ಹುಳು ಕೋಶ ಆಗುವ ಆ ನಾಲ್ಕು ನಿಮಿಷ ಕಣ್ಣಾರೆ ನೋಡಬೇಕು, ಅಷ್ಟೇ. ಎರಡು ವರ್ಷದಲ್ಲಿ ನಲವತ್ತಕ್ಕೂ ಹೆಚ್ಚು ಹುಳು ಸಾಕಿ ಒಂದು ಸಲವೂ ನೋಡಿಲ್ಲ ಅಂದರೆ ನಂಬುತ್ತೀರಾ?

ಆಗಸ್ಟ್ 8

ನಿನ್ನೆ ಸಂಜೆ ಮೊಟ್ಟೆಗಳ ತುದಿ ಕಪ್ಪಾಗಿತ್ತು. ಒಳಗಿನ ಹುಳುವಿನ ತಲೆ ಅದು. ಬೆಳಿಗ್ಗೆ ಎದ್ದಾಗ ಆರು ಒಡೆದಿದ್ದವು. ಏಳನೆಯದು ಹಾಗೇ ಇದೆ, ಅದರ ಆಸೆ ಬಿಟ್ಟೆ. ಮರಿಗಳು ಮೊದಲು ತಿಂದದ್ದು ತಾವೇ ಬಿಟ್ಟುಬಂದ ಮೊಟ್ಟೆಯ ಚಿಪ್ಪನ್ನು. ಮೈ ಬೂದು, ತಲೆ ಕಪ್ಪು, ಪಟ್ಟೆ ಇನ್ನೂ ಮೂಡಿಲ್ಲ. ಪೆನ್ನಿನಿಂದ ಗೀಚಿದ ಒಂದು ಗೆರೆ ನಡೆದಾಡಿದ ಹಾಗೆ ಕಾಣುತ್ತವೆ.

ಆಗಸ್ಟ್ 10

ಒಂದು ಮರಿ ಹೋಯಿತು. ಎಲೆಯ ಹಾಲಿಗೆ ಸಿಕ್ಕಿಹಾಕಿಕೊಂಡು.

ಮಿಲ್ಕ್‌ವೀಡ್ ನೋಡಿಲ್ಲದವರು ನಮ್ಮ ಎಕ್ಕದ ಗಿಡ ನೆನಪಿಸಿಕೊಳ್ಳಿ. ಎರಡೂ ಒಂದೇ ಕುಟುಂಬ. ಎಲೆ ಮುರಿದರೆ ಅದೇ ಬಿಳಿ ಹಾಲು, ಅದೇ ಅಂಟು, ಅದೇ ಕಹಿ ವಿಷ. ಊರ ಕಡೆ ಎಕ್ಕದ ಎಲೆ ಮೇಲೆ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳು ಕಾಣುತ್ತದಲ್ಲ, ಅದು ಮೊನಾರ್ಕ್‌ನ ಹತ್ತಿರದ ನೆಂಟ, ಪ್ಲೇನ್ ಟೈಗರ್. ಈ ಹಾಲಿನ ವಿಷವನ್ನೇ ಮೈಯಲ್ಲಿ ಕೂಡಿಟ್ಟುಕೊಂಡು ಹಕ್ಕಿಗಳಿಂದ ಬಚಾವಾಗುವ ವಂಶ ಇದು. ಆದರೆ ಎರಡು ದಿನದ ಮರಿಗೆ ಒಂದು ಹನಿ ಹಾಲು ಕೆಸರಿನ ಹೊಂಡ ಇದ್ದ ಹಾಗೆ.

ಉಳಿದ ಐದು ಏನು ಮಾಡುತ್ತಿವೆ ಅಂತ ಲೆನ್ಸ್ ಹಿಡಿದು ಅರ್ಧ ಗಂಟೆ ನೋಡಿದೆ. ಒಂದು ಮರಿ ಎಲೆಯ ಮೇಲೆ ತನ್ನ ಸುತ್ತ ಗುಂಡಗೆ ಕಚ್ಚುತ್ತಾ ಬಂತು. ಎಲೆ ತೂತಾಗುವಷ್ಟಲ್ಲ, ಕಾಲುವೆ ತೋಡಿದ ಹಾಗೆ. ಹಾಲೆಲ್ಲ ಆ ಕಾಲುವೆಗೆ ಬಂದು ನಿಂತಿತು. ಆಮೇಲೆ ನಡುವಿನ ಒಣ ಜಾಗವನ್ನು ಆರಾಮಾಗಿ ತಿಂದಿತು. ಹೇಳಿಕೊಟ್ಟವರು ಯಾರು? ಹುಟ್ಟಿ ಎರಡು ದಿನ, ಅಮ್ಮನ ಮುಖ ನೋಡಿಲ್ಲ.

ಆಗಸ್ಟ್ 13

ಹಿತ್ತಲಿನಿಂದ ತಂದ ಎರಡು ದೊಡ್ಡ ಹುಳುಗಳು ನಿನ್ನೆ ಪೆಟ್ಟಿಗೆಯ ಸೂರಿಗೆ ಹತ್ತಿ ತಲೆಕೆಳಗಾಗಿ ನೇತುಬಿದ್ದವು. ರಾತ್ರಿ ಒಂದರವರೆಗೆ ಕುರ್ಚಿ ಹಾಕಿಕೊಂಡು ಕೂತೆ. ನಿದ್ದೆ ತಡೆಯಲಾಗದೆ ಮಲಗಿದೆ. ಬೆಳಿಗ್ಗೆ ಆರಕ್ಕೆ ಬಂದು ನೋಡಿದರೆ ಒಂದು ಆಗಲೇ ಹಸಿರು ಕೋಶ. ಮತ್ತೆ ತಪ್ಪಿತು.

ಇನ್ನೊಂದು ಹಾಗೇ ನೇತಾಡುತ್ತಿತ್ತು, ಆದರೆ ಸೋತ ಹಾಗೆ ಉದ್ದಕ್ಕೆ. ಸಂಜೆ ಅದರ ಮೈಯಿಂದ ಬಿಳಿ ದಾರ ಇಳಿದಿತ್ತು, ಕೆಳಗೆ ನಾಲ್ಕು ಬಿಳಿ ಹುಳ. ಟ್ಯಾಕಿನಿಡ್ ನೊಣ. ಹಿತ್ತಲಲ್ಲಿ ಇದ್ದಾಗಲೇ ಮೈಮೇಲೆ ಮೊಟ್ಟೆ ಇಟ್ಟು ಹೋಗಿದೆ, ಅದರ ಮರಿಗಳು ಇಷ್ಟು ದಿನ ಒಳಗಿಂದ ತಿನ್ನುತ್ತಾ ಬೆಳೆದಿವೆ. ಮೊಟ್ಟೆಯಿಂದಲೇ ಪೆಟ್ಟಿಗೆಯೊಳಗೆ ಸಾಕಿದವಕ್ಕೆ ಈ ಕಾಟ ಇಲ್ಲ. ನೊಣದ ಮೇಲೆ ಸಿಟ್ಟು ಬಂತು ನಿಜ. ಅದೂ ಮರಿ ಸಾಕುತ್ತಿತ್ತು ಅನ್ನುವುದು ಊಟ ಆದ ಮೇಲೆ ಹೊಳೆಯಿತು.

ಆಗಸ್ಟ್ 17

ಈಗ ಮನೆಯಲ್ಲಿ ಕೆಲಸ ಎರಡೇ: ಎಲೆ ತರುವುದು, ಹಿಕ್ಕೆ ಬಳಿಯುವುದು. ಮೊಟ್ಟೆಯಿಂದ ಬಂದ ದಿನದಿಂದ ಕೋಶವಾಗುವ ಹೊತ್ತಿಗೆ ಈ ಹುಳು ಸುಮಾರು 2,000 ಪಟ್ಟು ತೂಕ ಏರಿಸಿಕೊಳ್ಳುತ್ತದೆ. ಅದೂ ಎರಡು ವಾರದೊಳಗೆ. ರಾತ್ರಿ ಎಲ್ಲ ನಿಶ್ಶಬ್ದ ಆದಾಗ ಪೆಟ್ಟಿಗೆಗೆ ಕಿವಿ ಇಟ್ಟರೆ ಎಲೆ ಕತ್ತರಿಸುವ ಸದ್ದು ಕೇಳುತ್ತದೆ. ಆಣೆ.

ಇವುಗಳನ್ನು ಕಂಬಳಿಹುಳು ಅನ್ನಲು ನನಗೆ ಬಾಯಿ ಬರುವುದಿಲ್ಲ. ಮೈಮೇಲೆ ಕಂಬಳಿಯೇ ಇಲ್ಲ, ನುಣ್ಣಗೆ ಪಟ್ಟೆ ಪಟ್ಟೆಯ ರಬ್ಬರಿನ ಹಾಗೆ. ಮುಂದೆ ಎರಡು ಉದ್ದ ಕರಿ ಕೊಂಬು, ಹಿಂದೆ ಎರಡು ಗಿಡ್ಡ. ಹೊಸಬರು ಬಾಲವನ್ನೇ ತಲೆ ಅಂದುಕೊಳ್ಳುತ್ತಾರೆ.

ಇವತ್ತು ಮೂರನೇ ನಂಬರಿನದು ನಾಲ್ಕನೇ ಸಲ ಪೊರೆ ಬಿಟ್ಟಿತು. ಇಡೀ ದಿನ ಅಲ್ಲಾಡದೆ ಇತ್ತು. ಅನುಭವ ಇಲ್ಲದಿದ್ದರೆ ಸತ್ತಿದೆ ಅಂತ ಎತ್ತಿ ಹಾಕುತ್ತಿದ್ದೆ. ಮಧ್ಯಾಹ್ನ ಹಳೆಯ ಪೊರೆಯಿಂದ ನಡೆದು ಹೊರಬಂತು. ಕೊನೆಗೆ ಹಳೆಯ ಮುಖವನ್ನು ಹೆಲ್ಮೆಟ್ ಹಾಗೆ ಉದುರಿಸಿತು. ಆಮೇಲೆ ಹಿಂದಕ್ಕೆ ತಿರುಗಿ ಪೊರೆಯನ್ನು ತಿಂದುಹಾಕಿತು. ಹೆಲ್ಮೆಟ್ ಮಾತ್ರ ತಿನ್ನಲಿಲ್ಲ, ಯಾವುದೂ ತಿನ್ನುವುದಿಲ್ಲ. ನಾನು ಒಂದು ಡಬ್ಬಿಯಲ್ಲಿ ಕೂಡಿಡುತ್ತಿದ್ದೇನೆ. ಯಾಕೆ ಅಂತ ಕೇಳಬೇಡಿ.

ಆಗಸ್ಟ್ 21

ನೋಡಿದೆ!

ನಿನ್ನೆ ಸಂಜೆ ಮೂರನೆಯದು ಸೂರಿನಲ್ಲಿ ರೇಷ್ಮೆಯ ಒಂದು ಗುಂಡಿ ನೇಯ್ದು, ಹಿಂಗಾಲು ಅದಕ್ಕೆ ಸಿಕ್ಕಿಸಿ, ತಲೆ ಮೇಲಕ್ಕೆ ಬಗ್ಗಿಸಿಕೊಂಡು ನೇತುಬಿದ್ದಿತ್ತು, ಕೊಡೆಯ ಹಿಡಿಯ ಹಾಗೆ. ಇಷ್ಟು ವರ್ಷ ನಾನು ಮಾಡುತ್ತಿದ್ದ ತಪ್ಪು ಈಗ ಗೊತ್ತಾಯಿತು. ಗಡಿಯಾರ ನೋಡುತ್ತಿದ್ದೆ. ನೋಡಬೇಕಾದ್ದು ಕೊಂಬನ್ನು. ಬೆಳಿಗ್ಗೆ ಎಂಟರವರೆಗೂ ಆ ಎರಡು ಕರಿ ಕೊಂಬು ಸೆಟೆದುಕೊಂಡಿದ್ದವು. ಒಂಬತ್ತೂವರೆಗೆ ನೋಡಿದರೆ ಒದ್ದೆ ದಾರ ಹೊಸೆದು ಬಿಟ್ಟ ಹಾಗೆ ಮುರುಟಿ ಜೋಲುಬಿದ್ದಿವೆ. ಬಗ್ಗಿದ್ದ ಮೈ ನೆಟ್ಟಗೆ ಇಳಿದಿದೆ. ಪಟ್ಟೆಗಳ ಹಿಂದೆ ಹಸಿರು ಕಾಣುತ್ತಿದೆ. ಫೋನು ದೂರ ಇಟ್ಟು ಕೂತೆ. ಕಾಫಿ ಆರಿಹೋಯಿತು, ಹೋಗಲಿ.

10 ಗಂಟೆ 7 ನಿಮಿಷಕ್ಕೆ ತಲೆಯ ಹಿಂದೆ, ಬೆನ್ನ ಮೇಲೆ ಪೊರೆ ಬಿರಿಯಿತು. ಸಣ್ಣ ಸೀಳು, ಅದರಿಂದ ಹಸಿರು ಉಬ್ಬಿ ಬಂತು. ಹುಳು ಉಸಿರು ಕಟ್ಟಿ ನೂಕಿದ ಹಾಗೆ ಮೈಯಲ್ಲಿ ಅಲೆ ಅಲೆ. ಒಂದೊಂದು ಅಲೆಗೂ ಪಟ್ಟೆಯ ಚರ್ಮ ಸ್ವಲ್ಪ ಸ್ವಲ್ಪ ಮೇಲಕ್ಕೆ ಸುಕ್ಕುಗಟ್ಟಿತು. ಕಾಲುಚೀಲ ಬಿಚ್ಚುವಾಗ ಹಿಮ್ಮಡಿ ಹತ್ತಿರ ಮಡಿಕೆ ಆಗುತ್ತದಲ್ಲ, ಹಾಗೆ. ಕಾಲು, ಕೊಂಬು, ಮುಖ ಎಲ್ಲ ಆ ಮಡಿಕೆಯೊಳಗೆ ಹೋಯಿತು. ಒಳಗಿಂದ ಬಂದದ್ದಕ್ಕೆ ಕಣ್ಣಿಲ್ಲ, ಕಾಲಿಲ್ಲ, ಬಾಯಿಲ್ಲ. ತೊಟ್ಟಿಕ್ಕುವ ಹಾಗಿದ್ದ ಒಂದು ಹಸಿರು ಹನಿ.

ಆಮೇಲಿನದಕ್ಕೆ ನನಗೇ ಉಸಿರು ನಿಂತಿತು. ಪೊರೆ ತುದಿಗೆ ಸೇರಿದಾಗ ಕೋಶದ ತುದಿಯಿಂದ ಒಂದು ಕರಿ ಕಡ್ಡಿ ಹೊರಬರುತ್ತದೆ. ಅದರ ತುದಿಯಲ್ಲಿ ಸಣ್ಣ ಸಣ್ಣ ಕೊಕ್ಕೆಗಳಿವೆ. ಅದನ್ನು ರೇಷ್ಮೆ ಗುಂಡಿಗೆ ಚುಚ್ಚಿ ಸಿಕ್ಕಿಸಿಕೊಳ್ಳಬೇಕು. ಅಲ್ಲಿಯವರೆಗೆ ಹಿಡಿತ ಅಂದರೆ ಕಳಚುತ್ತಿರುವ ಹಳೆಯ ಪೊರೆಯದ್ದೇ. ಕಣ್ಣಿಲ್ಲದ ಆ ಹನಿ ಕಡ್ಡಿಯನ್ನು ಎರಡು ಸಲ ತಡಕಾಡಿತು, ಮೂರನೇ ಸಲ ಗುಂಡಿ ಸಿಕ್ಕಿತು. ಸಿಕ್ಕಿದ್ದೇ ತಡ, ಬುಗುರಿ ಹಾಗೆ ಗಿರಗಿರ ತಿರುಚಿತು. ಪೊರೆ ಮುದ್ದೆಯಾಗಿ ಕೆಳಗೆ ಬಿತ್ತು. 10 ಗಂಟೆ 11 ನಿಮಿಷ.

ಒಂದು ಗಂಟೆಯಲ್ಲಿ ಮೈ ಕುಗ್ಗಿ ಗಿಡ್ಡವಾಗಿ ನಮಗೆಲ್ಲ ಗೊತ್ತಿರುವ ಕೋಶದ ಆಕಾರ ಬಂತು. ಮಧ್ಯಾಹ್ನದ ಹೊತ್ತಿಗೆ ಇನ್ನೆರಡು ಹುಳು ಕೊಂಬು ಜೋಲುಬಿಟ್ಟಿದ್ದವು. ಒಂದನ್ನು ಪೂರ್ತಿ ನೋಡಿದೆ. ಇನ್ನೊಂದರ ಹೊತ್ತಿಗೆ ಬಾಗಿಲು ಬೆಲ್ ಆಯಿತು.

ಆಗಸ್ಟ್ 24

ಹದಿಮೂರರಂದು ಕೋಶವಾಗಿದ್ದ ಮೊದಲನೆಯದು ಇವತ್ತು ಹೊರಬಂತು. ಗಂಡು. ಹಿಂದಿನ ರೆಕ್ಕೆಯ ನರದ ಮೇಲೆ ಎರಡು ಕರಿ ಚುಕ್ಕೆ ಇದ್ದರೆ ಗಂಡು ಅಂತ ಲೆಕ್ಕ. ಹೊಟ್ಟೆಗೆ ಪಾರದರ್ಶಕ ಟೇಪು ಒತ್ತಿ ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಿದೆ. ರೆಕ್ಕೆಯ ಹುಡಿ ಮಾತ್ರ, ಓ.ಇ. ಬೀಜಕ ಇಲ್ಲ. ಬಿಟ್ಟೆ.

ಆಗಸ್ಟ್ 28

ಐದು ಹಸಿರು ಕೋಶ, ಒಂದೊಂದರ ಮೇಲೂ ಬಂಗಾರದ ಚುಕ್ಕೆಗಳು. ಚಿನ್ನದ ನೀರು ಹಾಯಿಸಿದ ಹಾಗೆ ಹೊಳೆಯುತ್ತವೆ. ಮಾಡುವ ಕೆಲಸ ಏನಿಲ್ಲ. ಸುಮ್ನೆ ಟ್ಯಾಗುಗಳನ್ನು ಎಣಿಸುತ್ತಾ ಕೂತಿದ್ದೇನೆ.

ಕನ್ಸಾಸ್ ವಿಶ್ವವಿದ್ಯಾಲಯದ ಮೊನಾರ್ಕ್ ವಾಚ್ 1992ರಿಂದ ಈ ಟ್ಯಾಗು ಕೆಲಸ ನಡೆಸುತ್ತಿದೆ. ಚಿಟ್ಟೆ ಎಲ್ಲಿ ಹೋಗಿ ಸೇರಿತು ಅಂತ ತಿಳಿಯಲು ಅದರ ರೆಕ್ಕೆಗೆ ಅಂಟಿಸುವ, ಅಂಗಿಯ ಗುಂಡಿಗಿಂತ ಚಿಕ್ಕ ಸ್ಟಿಕ್ಕರು, ಅದರ ಮೇಲೊಂದು ಗುರುತಿನ ಸಂಖ್ಯೆ. ಇದಕ್ಕೆ ದಾರಿ ಹಾಕಿದವರು ಕೆನಡಾದ ಫ್ರೆಡ್ ಮತ್ತು ನೋರಾ ಅರ್ಕ್ವಾರ್ಟ್ ದಂಪತಿ. ಚಳಿಗಾಲದಲ್ಲಿ ಮೊನಾರ್ಕ್‌ಗಳು ಎಲ್ಲಿಗೆ ಹೋಗುತ್ತವೆ ಅಂತ ದಶಕಗಟ್ಟಲೆ ಹುಡುಕಿದರು. ಕೊನೆಗೆ 1975ರ ಜನವರಿಯಲ್ಲಿ ಅವರಿಗಾಗಿ ಹುಡುಕುತ್ತಿದ್ದ ಕೆನ್ ಬ್ರಗರ್ ಮತ್ತು ಕ್ಯಾಟಲಿನಾ ಅಗ್ವಾಡೋ ಮೆಕ್ಸಿಕೋದ ಬೆಟ್ಟಗಳಲ್ಲಿ ಆ ಜಾಗ ಕಂಡರು. ಓಯಾಮೆಲ್ ಮರಗಳ ಕೊಂಬೆ, ಕಾಂಡ ಕಾಣದಷ್ಟು ಚಿಟ್ಟೆ. ಅಲ್ಲಿನ ಹಳ್ಳಿಯವರಿಗೆ ಇದು ಮೊದಲೇ ಗೊತ್ತಿತ್ತು ಅನ್ನುವುದು ಬೇರೆ ಮಾತು, ಅವರನ್ನು ಯಾರೂ ಕೇಳಿರಲಿಲ್ಲ. ಮುಂದಿನ ವರ್ಷ ಅರ್ಕ್ವಾರ್ಟ್ ತಾವೇ ಹೋದಾಗ ಅವರಿಗೆ ಅಲ್ಲಿ ಟ್ಯಾಗು ಅಂಟಿಸಿದ್ದ ಒಂದು ಚಿಟ್ಟೆ ಸಿಕ್ಕಿತು. ಮಿನ್ನೆಸೋಟದ ಶಾಲಾ ಹುಡುಗರು ಅಂಟಿಸಿದ್ದ ಟ್ಯಾಗು ಅದು.

ಆ ಕಾಡಿನಲ್ಲಿ ಚಿಟ್ಟೆಗಳನ್ನು ತಲೆ ಲೆಕ್ಕದಲ್ಲಿ ಎಣಿಸುವುದಿಲ್ಲ, ಎಷ್ಟು ಹೆಕ್ಟೇರು ಕಾಡು ತುಂಬಿದೆ ಅಂತ ಅಳೆಯುತ್ತಾರೆ. 1996-97ರ ಚಳಿಗಾಲದಲ್ಲಿ 18 ಹೆಕ್ಟೇರು ದಾಟಿತ್ತು. 2013-14ರಲ್ಲಿ 0.67. 2024-25ರಲ್ಲಿ 1.79. ನನ್ನ ಆರು ಚಿಟ್ಟೆಯಿಂದ ಈ ಲೆಕ್ಕ ಒಂದು ಕೂದಲೆಳೆಯೂ ಬದಲಾಗುವುದಿಲ್ಲ. ಹಿತ್ತಲಲ್ಲಿ ಮಿಲ್ಕ್‌ವೀಡ್ ಜಾಸ್ತಿ ಮಾಡಿದರೆ ಸ್ವಲ್ಪ ಉಪಯೋಗ ಆದೀತು. ಈ ವರ್ಷ ಇನ್ನೊಂದು ಪಾತಿ ಅಗೆದಿದ್ದೇನೆ.

ಸೆಪ್ಟೆಂಬರ್ 1

ನಿನ್ನೆ ಎರಡು ಕೋಶ ಕಪ್ಪಾದವು. ಕಪ್ಪಲ್ಲ, ಕೋಶ ಗಾಜಿನಂತಾಗಿ ಒಳಗಿನ ಮಡಿಸಿದ ರೆಕ್ಕೆ ಕಂಡಿತು. ಬೆಳಿಗ್ಗೆ ಮೂರನೆಯದು ಮುಂಬಾಗಿಲು ತಳ್ಳಿದ ಹಾಗೆ ಕೋಶ ಸೀಳಿ ಜಾರಿಬಂತು. ಊದಿದ ಹೊಟ್ಟೆ, ಮುದುಡಿದ ಚಿಂದಿಯಂಥ ರೆಕ್ಕೆ. ಖಾಲಿ ಕೋಶಕ್ಕೆ ಕಾಲು ಕೊಟ್ಟು ನೇತಾಡುತ್ತಾ ಹೊಟ್ಟೆಯ ನೀರನ್ನು ರೆಕ್ಕೆಗೆ ಪಂಪು ಮಾಡಿತು. ಹದಿನೈದು ನಿಮಿಷದಲ್ಲಿ ರೆಕ್ಕೆ ಪೂರ್ತಿ ಬಿಚ್ಚಿತ್ತು, ಒಂದು ಸುಕ್ಕೂ ಇಲ್ಲ. ಮಿಕ್ಕಿದ ಕೆಂಪು ನೀರು ಕೆಳಗೆ ತೊಟ್ಟಿಕ್ಕಿತು. ಮೊದಲ ವರ್ಷ ಅದನ್ನು ರಕ್ತ ಅಂದುಕೊಂಡು ಗಾಬರಿಯಾಗಿದ್ದೆ.

ಸೆಪ್ಟೆಂಬರ್ 2

ಇವತ್ತು ಬಿಡುವ ದಿನ. ನಾಲ್ಕು ಚಿಟ್ಟೆ, ಎರಡು ಗಂಡು ಎರಡು ಹೆಣ್ಣು, ಟೇಪು ಪರೀಕ್ಷೆಯಲ್ಲಿ ನಾಲ್ಕೂ ಪಾಸು. ರೆಕ್ಕೆ ಮಡಚಿ ಹಿಡಿದು, ಹಿಂದಿನ ರೆಕ್ಕೆಯ ಹೊರಮೈಯಲ್ಲಿ ಕೈಗವಸಿನ ಆಕಾರದ ದೊಡ್ಡ ಕೋಣೆ ಇದೆಯಲ್ಲ, ಅಲ್ಲಿ ಟ್ಯಾಗು ಒತ್ತಿದೆ. ಬೆರಳಿಗೆ ಕಿತ್ತಳೆ ಹುಡಿ ಅಂಟಿತು.

ಬೇಸಿಗೆಯ ಮೊನಾರ್ಕ್‌ಗಳು ಹೆಚ್ಚೆಂದರೆ ಒಂದೂವರೆ ತಿಂಗಳು ಬದುಕುತ್ತವೆ. ಈ ಕೊನೆಯ ತಲೆಮಾರು ಮಾತ್ರ ಎಂಟು ತಿಂಗಳಷ್ಟು. ಹಗಲು ಚಿಕ್ಕದಾಗಿ ರಾತ್ರಿ ತಂಪಾದಾಗ ಬೆಳೆದ ಇವು ಮೊಟ್ಟೆ ಇಡುವ ಯೋಚನೆ ಮುಂದಕ್ಕೆ ಹಾಕಿ ದಕ್ಷಿಣಕ್ಕೆ ಹೊರಡುತ್ತವೆ. ಸೂರ್ಯನನ್ನು ನೋಡಿ ದಿಕ್ಕು ಹಿಡಿಯುತ್ತವೆ. ಹೊತ್ತು ಕಳೆದಂತೆ ಸೂರ್ಯ ಜಾಗ ಬದಲಿಸುತ್ತಾನಲ್ಲ, ಅದನ್ನು ಸರಿದೂಗಿಸುವ ಗಡಿಯಾರ ಮೀಸೆಯಲ್ಲಿದೆ. ಪೂರ್ತಿ ಮನೆಯೊಳಗೆ ಬೆಳೆದವಕ್ಕೆ ಈ ದಿಕ್ಕು ತಪ್ಪಬಹುದು ಅಂತ 2019ರಲ್ಲಿ ಒಂದು ಅಧ್ಯಯನ ಬಂದಿತ್ತು. ಅದಕ್ಕೇ ಪೆಟ್ಟಿಗೆಯನ್ನು ಈ ಸಲ ಹೊರಗಿನ ಜಗಲಿಯಲ್ಲೇ ಇಟ್ಟಿದ್ದೆ.

ಉತ್ತರ ಇಲಿನಾಯ್‌ನ ನಮ್ಮ ಹಿತ್ತಲಿನಿಂದ ಆ ಬೆಟ್ಟಕ್ಕೆ 2,500 ಕಿಲೋಮೀಟರಿಗೂ ಜಾಸ್ತಿ. ಮೂರನೆಯದನ್ನು ಅಂಗೈ ಮೇಲೆ ಬಿಟ್ಟೆ. ಎರಡು ಸಲ ರೆಕ್ಕೆ ಬಡಿದು ಬಿಸಿಲು ಕಾಯಿಸಿಕೊಂಡಿತು. ಮೂರನೇ ಸಲಕ್ಕೆ ಎದ್ದು, ಗ್ಯಾರೇಜಿನ ಮೇಲೆ ಹಾದು, ನೇರ ಉತ್ತರಕ್ಕೆ ಹೋಯಿತು. ಪಕ್ಕದ ಮನೆಯ ಜಿನ್ನಿಯಾ ಹೂವಿನ ಮೇಲೆ ಕೂತು ಕತ್ತಲಾಗುವವರೆಗೂ ಮಕರಂದ ಹೀರುತ್ತಿತ್ತು.

ಆರನೆಯದು ಇನ್ನೂ ಹಸಿರಾಗಿಯೇ ಇದೆ.